ಬಲಗಾಲಿನ ಆರು ಕಿಲೋ

ತನ್ನ ವೃತ್ತಿಯ ಉಪಕರಣವನ್ನು ತನ್ನ ಮೇಲೆಯೇ ಪ್ರಯೋಗಿಸಿಕೊಳ್ಳಲು ಲೋಕದಲ್ಲಿ ಯಾರೂ ಸುಲಭವಾಗಿ ಒಪ್ಪುವುದಿಲ್ಲ. ಕ್ಷೌರಿಕ ತನ್ನ ತಲೆಯನ್ನು ಇನ್ನೊಬ್ಬ ಕ್ಷೌರಿಕನಿಗೆ ಒಪ್ಪಿಸುತ್ತಾನೆ. ಜ್ಯೋತಿಷಿ ತನ್ನ ಮಗಳ ಜಾತಕವನ್ನು ಪಕ್ಕದ ಊರಿನವರಿಗೆ ತೋರಿಸುತ್ತಾನೆ. ಬ್ರಹ್ಮಾವರದ ಕಡೆಯ ಅಕ್ಕಿ ಮಿಲ್ಲೊಂದರಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಭತ್ತದ ಮೂಟೆ ತೂಗುತ್ತ ಬಂದ ನಾನೂ ಈ ಲೋಕನಿಯಮವನ್ನು ಚಾಚೂ ತಪ್ಪದೆ ಪಾಲಿಸಿದವನು. ಮೂಟೆ ಇಳಿಸುವವನ ಹೆಬ್ಬೆರಳು ತೂಕದ ಹಲಗೆಗೆ ತಾಗಿದರೂ ನಾನು ಗದರುತ್ತಿದ್ದೆ. ರೈತನ ಒಂದು ಹಿಡಿ ಭತ್ತ ಅತ್ತಿತ್ತ ಆಗಬಾರದೆಂಬುದು ನನ್ನ ವ್ರತ. ಆ ಹಲಗೆಯ ಮೇಲೆ ನಾನು ಮಾತ್ರ ಎಂದೂ ಕಾಲಿಟ್ಟವನಲ್ಲ.

ನನ್ನ ತೂಕ ಮೊದಲು ಬಯಲಾದದ್ದು ಕೋಟದ ನಮ್ಮ ಮನೆಯಲ್ಲಿ. ಹೆಂಡತಿ ನಾಗವೇಣಿ ಎಲ್ಲಿಂದಲೋ ಒಂದು ಮುಳ್ಳಿನ ತೂಕಯಂತ್ರ ತಂದಳು. ಅದರ ಮುಖದ ಮೇಲೆ ನೂರಿಪ್ಪತ್ತರವರೆಗೆ ಮಾತ್ರ ಅಂಕಿಗಳಿದ್ದವು. ನಾನು ಹತ್ತಿ ನಿಂತಾಗ ಮುಳ್ಳು ಇಡೀ ಗಡಿಯಾರವನ್ನು ಒಂದು ಪ್ರದಕ್ಷಿಣೆ ಹಾಕಿ ಹದಿನೆಂಟರಲ್ಲಿ ನಿಂತಿತು. ಹದಿನೆಂಟು ಕಿಲೋ ಎಂದರೆ ಬಾಲವಾಡಿಗೆ ಹೋಗಬಹುದಾದ ತೂಕ. ನಾನು ಸಂತೋಷಪಟ್ಟೆ. ಆದರೆ ನಾಗವೇಣಿ ಕೂಡಿಸುವ ಲೆಕ್ಕ ಬಲ್ಲವಳು. ಮಂಡಿ ನೋವು, ಸಕ್ಕರೆ, ಮೂರು ಮನೆಯಾಚೆಗೂ ಕೇಳಿಸುವ ಗೊರಕೆ ಎಲ್ಲವನ್ನೂ ಪಟ್ಟಿ ಮಾಡಿಕೊಂಡು ನನ್ನನ್ನು ಡಾಕ್ಟರರ ಮುಂದೆ ಕೂರಿಸಿದಳು. ಅವರು ಹಲವು ತಿಂಗಳು ಬೇರೆಲ್ಲ ಉಪಾಯ ಮಾಡಿ ನೋಡಿ, ಕೊನೆಗೆ ನನ್ನ ಹೊಟ್ಟೆಯ ಮುಕ್ಕಾಲು ಭಾಗ ಕತ್ತರಿಸಿ ತೆಗೆಯುವುದೇ ಒಳ್ಳೆಯದೆಂದರು. ಐವತ್ತೆರಡು ವರ್ಷ ನಾನು ಪ್ರೀತಿಯಿಂದ ಬೆಳೆಸಿದ ಅಂಗ ಅದು. ಶಸ್ತ್ರಚಿಕಿತ್ಸೆಯ ನಂತರ ಅನ್ನ ಆದಷ್ಟು ಕಡಿಮೆ ಮಾಡಬೇಕು ಎಂದು ಅಲ್ಲಿಯ ಪಥ್ಯದ ಹುಡುಗಿ ಹೇಳಿದಳು. ಅಕ್ಕಿ ಮಿಲ್ಲಿನ ನೌಕರನಿಗೆ ಹಾಗೆ ಹೇಳುವುದೆಂದರೆ ದೋಣಿಯವನಿಗೆ ನೀರಿನ ಕಡೆ ನೋಡಬೇಡ ಎಂದಂತೆ. ಊರಿನಲ್ಲಿ ಕೇಳಿದವರಿಗೆಲ್ಲ ಹರ್ನಿಯಾ ಎಂದು ಹೇಳಿದೆವು. ಹರ್ನಿಯಾಕ್ಕೆ ಒಂದು ಮರ್ಯಾದೆಯಿದೆ, ಅದು ಭಾರ ಎತ್ತಿದವರಿಗೆ ಬರುತ್ತದೆ. ತಿಂದು ಬಂದ ಕಾಯಿಲೆಗೆ ಅದಿಲ್ಲ.

ಊರಿಗೆ ಹೇಳಲಾರದ್ದನ್ನು ಹೇಳಿಕೊಳ್ಳಲು ಒಂದು ಜಾಗ ಬೇಕಷ್ಟೆ. ಅದು ಸ್ಮಾರ್ಟ್‌ಫೋನು ನಮ್ಮ ಮನೆಗೆ ಹೊಸದಾಗಿ ಬಂದಿದ್ದ ಕಾಲ. ನನ್ನಂತೆಯೇ ಹೊಟ್ಟೆ ಕತ್ತರಿಸಿಕೊಂಡವರ ಮತ್ತು ಕತ್ತರಿಸಿಕೊಳ್ಳಲಿರುವವರ ಒಂದು ವಾಟ್ಸಾಪ್ ಗುಂಪಿತ್ತು. ಹೆಸರು ‘ಸಣ್ಣ ಹೊಟ್ಟೆ ಬಳಗ.’ ನಾನಾ ಜಿಲ್ಲೆಗಳ ಅರುವತ್ತು ಚಿಲ್ಲರೆ ಜನ. ದಾವಣಗೆರೆಯ ಕಾಲೇಜೊಂದರ ಉಪನ್ಯಾಸಕಿ ಅದರ ಒಡತಿ. ಎಲ್ಲರೂ ಆಕೆಯನ್ನು ಮೇಡಂ ಎನ್ನುತ್ತಿದ್ದರು, ನಾನೂ ಎಂದೆ. ಈ ಬಳಗದಲ್ಲಿ ವಯಸ್ಸನ್ನು ಎಣಿಸುವುದು ಆಪರೇಷನ್ ಆದ ದಿನದಿಂದ. ಹಾಗಾಗಿ ರಾಯಚೂರಿನ ಇಪ್ಪತ್ತಾರರ ಹುಡುಗನೊಬ್ಬ ಮೂರು ವರ್ಷದ ಹಿರಿಯ, ನಾನು ಇನ್ನೂ ಹುಟ್ಟದ ಶಿಶು. ಊಟದೊಂದಿಗೆ ನೀರು ಕುಡಿಯಬಾರದು, ಒಂದೊಂದು ತುತ್ತನ್ನೂ ಮೂವತ್ತು ಸಲ ಅಗಿಯಬೇಕು ಎಂದು ಅವನು ನನಗೆ ಬುದ್ಧಿ ಹೇಳುತ್ತಿದ್ದ, ನಾನು ಕೈಮುಗಿಯುವ ಚಿತ್ರ ಕಳಿಸುತ್ತಿದ್ದೆ. ದ್ರವಾಹಾರದ ಪಟ್ಟಿಯಲ್ಲಿ ಗಂಜಿ ತಿಳಿ ಸೇರುತ್ತದೆಯೇ ಎಂದು ನಾನು ಕೇಳಿದ ಒಂದು ಪ್ರಶ್ನೆಯ ಮೇಲೆ ನಾಲ್ಕು ದಿನ ಚರ್ಚೆ ನಡೆಯಿತು. ತಿಳಿಯಲ್ಲಿ ಅಗುಳು ಎಷ್ಟಿರಬಹುದು ಎಂಬ ವಿಚಾರದಲ್ಲಿ ಎರಡು ಪಕ್ಷಗಳಾದವು. ಮೇಡಂ ಕೊನೆಗೆ, ಅಗುಳು ಕಣ್ಣಿಗೆ ಕಂಡರೆ ಅದು ಗಂಜಿ, ಕಾಣದಿದ್ದರೆ ತಿಳಿ ಎಂದು ತೀರ್ಪು ಕೊಟ್ಟರು. ಆ ವಾರ ನಾನು ಕನ್ನಡಕ ತೆಗೆದಿಟ್ಟು ಗಂಜಿ ಕುಡಿದೆ.

ನನ್ನ ಸ್ವಂತ ಅಣ್ಣನಿಗೆ ನನ್ನ ಸಂಬಳ ಇವತ್ತಿಗೂ ಗೊತ್ತಿಲ್ಲ. ಅಂಥ ನಾನು, ಮುಖ ನೋಡದ ಅರುವತ್ತು ಜನರಿಗೆ ಬೆಳಗಿನ ಶೌಚದ ಸಮಾಚಾರ ವರದಿ ಮಾಡುವ ಸ್ಥಿತಿಗೆ ಬಂದೆ. ಆದರೆ ಒಂದು ಮಾತನ್ನು ತಮಾಷೆ ಬಿಟ್ಟು ಹೇಳಬೇಕು. ಆಪರೇಷನ್ ಆದ ಮೂರನೆಯ ದಿನ ಒಂದು ಚಮಚ ನೀರು ಕೂಡ ಇಳಿಯಲಿಲ್ಲ. ಆಸ್ಪತ್ರೆಯ ಹಾಸಿಗೆಯಲ್ಲಿ ಗೋಡೆ ಕಡೆ ತಿರುಗಿ ಮಲಗಿ, ಇದೆಂಥ ಕೆಲಸ ಮಾಡಿಕೊಂಡೆ ಎಂದು ಅತ್ತೆ. ನಾಗವೇಣಿಗೆ ಹೇಳಿದರೆ ಅವಳೂ ಅಳುತ್ತಾಳೆ. ಹಾಗಾಗಿ ಬಳಗಕ್ಕೆ ಬರೆದೆ. ರಾಯಚೂರಿನ ಹುಡುಗ ಕೂಡಲೇ ಉತ್ತರಿಸಿದ: “ಮೂರನೇ ದಿನ ಎಲ್ಲರೂ ಅಳ್ತಾರೆ ಸಾರ್. ಐದನೇ ದಿನ ಎಲ್ಲರೂ ಚಾ ಕುಡೀತಾರೆ.” ಐದನೆಯ ದಿನ ನಾನು ಮೂರು ಗುಟುಕು ಚಾ ಕುಡಿದೆ. ಅಂಥ ಚಾ ಅದಕ್ಕಿಂತ ಮೊದಲೂ ಕುಡಿದಿಲ್ಲ, ಆಮೇಲೂ ಕುಡಿದಿಲ್ಲ.

ಬಳಗದ ಇನ್ನೊಂದು ಸಂಪ್ರದಾಯವೆಂದರೆ ಭಾನುವಾರದ ತೂಕ. ಪ್ರತಿಯೊಬ್ಬರೂ ತೂಕಯಂತ್ರದ ಅಂಕಿಯ ಫೋಟೋ ಕಳಿಸಬೇಕು. ಮನೆಯ ಯಂತ್ರ ನನ್ನ ವಿಷಯದಲ್ಲಿ ಅಸಮರ್ಥವೆಂದು ಸಾಬೀತಾಗಿತ್ತಷ್ಟೆ. ಹೀಗೆ ಇಪ್ಪತ್ತೆಂಟು ವರ್ಷಗಳ ನಿಯಮ ಮುರಿದು ನಾನು ಮಿಲ್ಲಿನ ಹಲಗೆ ಹತ್ತಿದೆ. ಸರಕಾರದ ಮುದ್ರೆ ಬಿದ್ದ ಯಂತ್ರ, ಗ್ರಾಮಿನವರೆಗೂ ನಿಖರ. ನೂರ ಮೂವತ್ತೆಂಟು ನೂರ ಇಪ್ಪತ್ತಾಯಿತು, ನೂರ ಹತ್ತಾಯಿತು, ಎಂಟನೆಯ ತಿಂಗಳಲ್ಲಿ ನೂರಾ ಒಂದಾಯಿತು. ಬಳಗದಲ್ಲಿ ನನ್ನ ಕೀರ್ತಿ ಬೆಳೆಯಿತು. ಹೊಸದಾಗಿ ಸೇರಿದವರು ಹೆದರಿದರೆ, ಮಿಲ್ಲಿನ ಸಾರ್ ಅವರನ್ನು ನೋಡಿ ಕಲಿಯಿರಿ ಎಂದು ಮೇಡಂ ಬರೆಯುತ್ತಿದ್ದರು. ಹೀಗೆ ನಾನು ಆದರ್ಶ ವ್ಯಕ್ತಿಯಾದೆ. ಆದರ್ಶ ವ್ಯಕ್ತಿಯಾಗುವುದು ಬೊಜ್ಜಿಗಿಂತ ಅಪಾಯಕಾರಿ. ಅದಕ್ಕೆ ಆಪರೇಷನ್ನೂ ಇಲ್ಲ.

ಆಗ ನನ್ನ ಬಾಳಿನಲ್ಲಿ ಹಾಲುಬಾಯಿ ಬಂತು. ಅಕ್ಕಿ, ಕಾಯಿಹಾಲು, ಬೆಲ್ಲ ಹಾಕಿ ಗೊಟಾಯಿಸಿ ತಟ್ಟೆಗೆ ಸುರಿದು ತುಂಡು ಮಾಡುವ ನಮ್ಮ ಕಡೆಯ ಸಿಹಿ ಅದು. ನನ್ನ ಹೊಸ ಹೊಟ್ಟೆಯ ಸ್ವಭಾವ ವಿಚಿತ್ರ. ಅರ್ಧ ಚಪಾತಿಯನ್ನು ಗೇಟಿನಲ್ಲೇ ತಡೆದು ನಿಲ್ಲಿಸುತ್ತಿತ್ತು. ಹಾಲುಬಾಯಿಯನ್ನು ಮಾತ್ರ ಮನೆ ಅಳಿಯನ ಹಾಗೆ ಸೀದಾ ಒಳಗೆ ಬಿಡುತ್ತಿತ್ತು. ಒಂದು ತುಂಡು ಹೋದದ್ದು ಗೊತ್ತೇ ಆಗಲಿಲ್ಲ, ಗೊತ್ತಾಗಲೆಂದು ಇನ್ನೊಂದು ತಿಂದೆ. ಬಳಗದ ಹಿರಿಯರು ಇವಕ್ಕೆ ‘ಜಾರುವ ತಿಂಡಿ’ ಎಂದು ಹೆಸರಿಟ್ಟು ಎಚ್ಚರಿಸಿದ್ದರು, ನಿಜ. ಆದರೆ ಅವರ ಪಟ್ಟಿಯಲ್ಲಿ ಐಸ್‌ಕ್ರೀಮ್, ಚಾಕೊಲೇಟು ಇತ್ಯಾದಿ ಪೇಟೆಯ ಪದಾರ್ಥಗಳಿದ್ದವೇ ಹೊರತು ಹಾಲುಬಾಯಿ ಇರಲಿಲ್ಲ. ಪಟ್ಟಿಯಲ್ಲಿ ಇಲ್ಲದ್ದು ಅಪರಾಧವಲ್ಲ ಎಂಬುದು ನನ್ನ ವಾದ. ಮಿಲ್ಲಿನ ಯಂತ್ರಕ್ಕೆ ಈ ವಾದ ಅರ್ಥವಾಗಲಿಲ್ಲ. ಒಂದು ಭಾನುವಾರ ಅದು ನೂರಾ ಎರಡೂವರೆ ತೋರಿಸಿತು.

ಆ ದಿನ ನನ್ನ ಬಲಗಾಲು ತಾನಾಗಿಯೇ ಪಕ್ಕದಲ್ಲಿದ್ದ ಅಕ್ಕಿ ಮೂಟೆಯ ಮೇಲೆ ಒಂದಿಷ್ಟು ಒರಗಿತು. ನಾನು ಇಟ್ಟೆ ಎಂದು ಹೇಳಲಾರೆ, ಕಾಲಿಗೂ ಆಯಾಸವಾಗುತ್ತದೆ. ಅಂಕಿ ಮರ್ಯಾದೆಯಿಂದ ನೂರಾ ಒಂದಕ್ಕೆ ಇಳಿಯಿತು, ನಾನು ಫೋಟೋ ತೆಗೆದೆ. ಮುಂದಿನ ವಾರಗಳಲ್ಲಿ ಕಾಲಿನ ಆಯಾಸ ಹೆಚ್ಚುತ್ತಲೇ ಹೋಯಿತು. ಬಳಗದಲ್ಲಿ ಮಾತ್ರ ನಾನು ನೂರಾ ಒಂದರಲ್ಲೇ ಸ್ಥಿತಪ್ರಜ್ಞನಾಗಿ ನಿಂತಿದ್ದೆ. ಹೆಬ್ಬೆರಳು ತಾಗಿಸಿದ್ದಕ್ಕೆ ಬೈಯುತ್ತಿದ್ದ ಮನುಷ್ಯ ಕಾಲನ್ನೇ ಹೊರಗಿಟ್ಟಿದ್ದ.

ಇಷ್ಟರಲ್ಲಿ ಬಳಗಕ್ಕೆ ಗುಲಾಬಿ ಬಂದಳು. ಕುಂದಾಪುರದ ಕೋಡಿಯವಳು, ನಲವತ್ತರ ಆಚೆಯ ಪ್ರಾಯ, ಪೇಟೆಯಲ್ಲಿ ಮೀನು ಮಾರುವವಳು. ನೆಲದಲ್ಲಿ ಕುಳಿತು ಮಾರುವ ವ್ಯಾಪಾರ. ಬೆಳಿಗ್ಗೆ ಕುಳಿತರೆ ಮಧ್ಯಾಹ್ನ ಇಬ್ಬರು ಕೈಹಿಡಿದು ಎಬ್ಬಿಸಬೇಕು. ಮಂಡಿ ಪೂರ್ತಿ ಹೋದರೆ ವ್ಯಾಪಾರವೂ ಹೋಯಿತು ಎಂದು ಡಾಕ್ಟರರು ಹೇಳಿ, ಆಪರೇಷನ್ನಿಗೆ ದಿನ ಕೊಟ್ಟಿದ್ದರು. ಬರೆಯುವ ಅಭ್ಯಾಸವಿಲ್ಲದ್ದರಿಂದ ಅವಳು ಫೋನಿನಲ್ಲಿ ಮಾತಾಡಿ, ಆ ಮಾತನ್ನೇ ಮುದ್ರಿಸಿ ಕಳಿಸುತ್ತಿದ್ದಳು. ಹಿನ್ನೆಲೆಯಲ್ಲಿ ಕಾಗೆ, ಬಸ್ಸಿನ ಹಾರ್ನು, ಬಂಗುಡೆಗೆ ಚೌಕಾಸಿ ಎಲ್ಲ ಇರುತ್ತಿತ್ತು. “ಹ್ವಾಯ್, ಎಂತ ಎಲ್ಲರೂ ಸುಮ್ನೆ ಕೂಕಂಡಿರಿ?” ಎಂದು ಅವಳು ಕೇಳಿದರೆ ದಾವಣಗೆರೆಯಿಂದ ರಾಯಚೂರಿನವರೆಗೆ ಯಾರಿಗೂ ತಿಳಿಯುತ್ತಿರಲಿಲ್ಲ. ಬಳಗದಲ್ಲಿ ಕುಂದಾಪ್ರ ಕನ್ನಡ ಬಲ್ಲವನು ನಾನೊಬ್ಬನೇ. ಹಾಗಾಗಿ ಅವಳ ಮಾತನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಿ ಬರೆಯುವ ಹುದ್ದೆಯೂ ನನಗೇ ಬಂತು.

ಗುಲಾಬಿ ಆಪರೇಷನ್ನಿನ ದಿನವನ್ನು ಎರಡು ಸಲ ಮುಂದೆ ಹಾಕಿದಳು. ಮೂರನೆಯ ಸಲ ಮುಂದೆ ಹಾಕಿದರೆ ಇನ್ನು ನೀವು ಬರುವುದೇ ಬೇಡ ಎಂದು ಆಸ್ಪತ್ರೆಯವರು ಹೇಳಿದ್ದರಂತೆ. ಬಳಗದವರೆಲ್ಲ ಧೈರ್ಯ ಹೇಳಿದರು. ಅವಳು ಯಾರಿಗೂ ಉತ್ತರಿಸದೆ, ಮಿಲ್ಲಿನವರನ್ನು ಒಂದು ಸಲ ಕಣ್ಣಾರೆ ಕಂಡು ಆಮೇಲೆ ಹೇಳುತ್ತೇನೆ ಎಂದಳು. ಮೇಡಂ ಪ್ರತ್ಯೇಕವಾಗಿ ನನಗೆ ಬರೆದರು: ಎಲ್ಲ ನಿಮ್ಮ ಕೈಯಲ್ಲಿದೆ ಸಾರ್. ನನ್ನ ಕೈಯಲ್ಲಿ ಆ ಹೊತ್ತು ಏನಿತ್ತೆಂದು ಹೇಳುವ ಅಗತ್ಯವಿಲ್ಲ. ಬಾಳೆಲೆಯಲ್ಲಿ ಸುತ್ತಿತ್ತು.

ಗುರುವಾರ ಮಧ್ಯಾಹ್ನ ಮೀನು ಮುಗಿಸಿ ಬಸ್ಸು ಹತ್ತಿ ಬಂದಳು. ಮಿಲ್ಲಿನ ಬಾಗಿಲಲ್ಲಿ ನಿಂತು ಉಸಿರು ತಿರುಗಿಸಿಕೊಂಡು ನನ್ನನ್ನು ನೋಡಿದಳು. ಆ ನೋಟ ನಾನು ಬಲ್ಲೆ. ಬುಟ್ಟಿಯಲ್ಲಿ ಅಂಜಲ್ ಮೀನು ಬಂದಾಗ ತಲೆಯಿಂದ ಬಾಲದವರೆಗೆ ಒಮ್ಮೆ ಕಣ್ಣು ಹಾಯಿಸಿ, ತಕ್ಕಡಿ ಮುಟ್ಟದೆ ಇಷ್ಟು ಕಿಲೋ ಎಂದು ಹೇಳುವವರ ನೋಟ. ನಾನು ಮುಂಡು ಸರಿಮಾಡಿಕೊಂಡು, ಹೊಟ್ಟೆ ಒಳಗೆಳೆದುಕೊಂಡು, ಶಿಸ್ತು ಸಂಯಮಗಳ ಬಗ್ಗೆ ಸಿದ್ಧಪಡಿಸಿದ್ದ ಉಪದೇಶ ಶುರುಮಾಡಿದೆ. ಅವಳು ಅರ್ಧದಲ್ಲೇ ತಡೆದಳು.

“ಮಿಲ್ಲಿನವ್ರೆ, ಬೇಜಾರ್ ಮಾಡ್ಕಂಬೇಡಿ. ನೀವ್ ನೂರಾ ಒಂದ್ ಅಲ್ಲ. ನೂರಾ ಏಳ್ ಇದ್ರಿ.”

ಇದು ಸರಕಾರದ ಮುದ್ರೆ ಬಿದ್ದ ಯಂತ್ರ, ಇದರ ಮಾತಿಗೆ ಎದುರಿಲ್ಲ ಎಂದು ನಾನು ಗಂಭೀರವಾಗಿ ಹೇಳಿದೆ. ಹಾಗಾದರೆ ಹತ್ತಿ ತೋರಿಸಿ ಎಂದಳು. ಹತ್ತಿದೆ. ಅಭ್ಯಾಸಬಲದಿಂದ ಬಲಗಾಲು ಮೂಟೆಯನ್ನು ಹುಡುಕಿಕೊಂಡು ಹೋಯಿತು. ಗುಲಾಬಿ ಕಾಲನ್ನೂ ಮೂಟೆಯನ್ನೂ ನೋಡಿ, ಬಹಳ ಮೆತ್ತಗೆ ಕೇಳಿದಳು:

“ಆ ಕಾಲೂ ನಿಮ್ದೇ ಅಲ್ದಾ?”

ಕಾಲನ್ನು ಹಲಗೆಯ ಮೇಲಿಟ್ಟೆ. ನೂರಾ ಏಳು, ನಾನ್ನೂರು ಗ್ರಾಂ. ನಾನ್ನೂರು ಗ್ರಾಂ ಅಂಗಿ ಮುಂಡಿನದಿರಬೇಕು. ಅವಳ ಕಣ್ಣು ಬಟ್ಟೆಯನ್ನೂ ಕಳೆದು ಹೇಳಿತ್ತು.

ನಾನು ಇಳಿಯಲಿಲ್ಲ. ಇಳಿದು ಹೋಗುವುದಾದರೂ ಎಲ್ಲಿಗೆ? ಎದುರಿಗಿದ್ದದ್ದು ಧೈರ್ಯ ಹುಡುಕಿಕೊಂಡು ಬಂದ ಹೆಂಗಸು. ಅವಳ ಮಂಡಿ, ಅವಳ ವ್ಯಾಪಾರ, ಕೊನೆಯ ತಾರೀಕು ಎಲ್ಲವನ್ನೂ ನನ್ನ ಒಂದು ಕಾಲು ಹಾಳುಮಾಡಿತ್ತು. ಏನು ತಿಂದಿರಿ ಎಂದು ಕೇಳಿದಳು. ಹಾಲುಬಾಯಿ ಎಂದೆ. ಗುಲಾಬಿ ಅಕ್ಕಿ ಮೂಟೆಯ ಮೇಲೆ ಕುಳಿತು ನಗಲು ಶುರುಮಾಡಿದಳು. ಸೆರಗು ಕಣ್ಣಿಗೊತ್ತಿಕೊಳ್ಳುವವರೆಗೆ ನಕ್ಕಳು. ಆಮೇಲೆ ಸೆರಗು ಸರಿಮಾಡಿಕೊಂಡು ಹೇಳಿದಳು:

“ಕತ್ತಿಗೆ ಹೆದ್ರುವಳಲ್ಲ ನಾನ್. ದಿನಾ ಕತ್ತಿ ಹಿಡ್ಕಂಡೇ ಕೂಕಂಬುದ್. ನಿಮ್ಮೆಲ್ಲರ ಫೋಟೋ ಕಂಡ್ ಹೆದ್ರಿದ್ದ್. ಒಬ್ರೂ ತಪ್ಪುದಿಲ್ಲೆ, ಒಬ್ರೂ ಜಾರುದಿಲ್ಲೆ. ಅಷ್ಟೊಳ್ಳೆವ್ರ ನಡು ನಾನೊಬ್ಳೇ ತಪ್ಪಿರೆ ಎಂತ ಮಾಡುದ್ ಅಂದ್ಹೇಳಿ.” ಕೈ ಚಾಚಿ ಎಬ್ಬಿಸಲು ಹೇಳಿದಳು. “ನೀವೂ ತಪ್ತ್ರಿ ಅಂದ್ರೆ ಅಡ್ಡಿಲ್ಲೆ. ಆಪರೇಷನ್ ಮಾಡ್ಸ್ಕಂತೆ ನಾನ್.”

ಇಬ್ಬರ ಭಾರವೂ ಸೇರಿ ಎಬ್ಬಿಸುವ ಕೆಲಸ ಸ್ವಲ್ಪ ಹೊತ್ತು ಹಿಡಿಯಿತು. ಹೋಗುವಾಗ ಬಾಗಿಲಲ್ಲಿ ತಿರುಗಿ, ಬಳಗಕ್ಕೆ ನೀವೇ ಹೇಳುತ್ತೀರೋ, ನಾನು ಮಾತು ಮುದ್ರಿಸಿ ಕಳಿಸಲೋ ಎಂದು ಕೇಳಿದಳು. ಅವಳ ಮಾತನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಬೇಕಾದವನೂ ನಾನೇ ಎಂಬುದು ನೆನಪಾಗಿ, ನಾನೇ ಬರೆಯುತ್ತೇನೆ ಎಂದೆ.

ಆ ಸಂಜೆ ನಾನು ಬರೆದ ತಪ್ಪೊಪ್ಪಿಗೆ ಭಾಷೆಯ ದೃಷ್ಟಿಯಿಂದ ಉತ್ತಮವಾಗಿತ್ತು. ‘ಸನ್ಮಾನ್ಯ ಸದಸ್ಯರೆ’ ಎಂದು ತೊಡಗಿ, ಮೂಟೆ, ಬಲಗಾಲು, ಹಾಲುಬಾಯಿ ಮೂರನ್ನೂ ಮುಚ್ಚುಮರೆಯಿಲ್ಲದೆ ನಿವೇದಿಸಿ, ಬಳಗದಿಂದ ಹೊರಹಾಕಿದರೂ ಸಂತೋಷವೇ ಎಂದು ಮುಗಿಸಿದೆ. ಮೊದಲು ಬರೆದವರು ಮೇಡಂ. ತಮ್ಮ ನಿಜವಾದ ತೂಕ ಹೇಳಿದ್ದಕ್ಕಿಂತ ನಾಲ್ಕು ಕಿಲೋ ಹೆಚ್ಚು ಎಂದರು. ರಾಯಚೂರಿನ ಹಿರಿಯ ಹುಡುಗ, ತಾನು ಕಳಿಸುತ್ತಿರುವುದು ಹೋದ ವರ್ಷದ ಫೋಟೋ ಎಂದ. ಒಬ್ಬರು ಗೋಡೆ ಹಿಡಿದುಕೊಂಡು ನಿಲ್ಲುತ್ತಿದ್ದರಂತೆ, ಇನ್ನೊಬ್ಬರು ತಂಗಿಯನ್ನು ನಿಲ್ಲಿಸುತ್ತಿದ್ದರಂತೆ. ಒಂದು ಗಂಟೆಯೊಳಗೆ ನಮ್ಮ ಬಳಗದ ಒಟ್ಟು ತೂಕ ತೊಂಬತ್ತು ಕಿಲೋ ಏರಿತು. ಹೊಸದಾಗಿ ಒಬ್ಬ ಸದಸ್ಯರು ಸೇರಿದಂತಾಯಿತು. ಜಾರುವ ತಿಂಡಿಗಳ ಪಟ್ಟಿಗೆ ಮೇಡಂ ಅಂದೇ ಹಾಲುಬಾಯಿಯನ್ನೂ ಸೇರಿಸಿದರು. ನಮ್ಮ ಊರಿನ ಸಿಹಿಗೆ ರಾಜ್ಯಮಟ್ಟದ ಮನ್ನಣೆ ಸಿಕ್ಕಿತಲ್ಲ ಎಂದು ಸಮಾಧಾನ ಪಟ್ಟುಕೊಂಡೆ.

ಗುಲಾಬಿಯ ಆಪರೇಷನ್ ಹೇಳಿದ ದಿನವೇ ಆಯಿತು. ಮೂರನೆಯ ದಿನ ಅವಳಿಂದ ಒಂದು ಸಂದೇಶ ಬಂತು. ಅದರಲ್ಲಿ ಮಾತಿರಲಿಲ್ಲ, ಮೂಗು ಸೇದುವ ಸದ್ದು ಮಾತ್ರ. ಪುಸ್ತಕದ ಕನ್ನಡಕ್ಕೆ ತಿರುಗಿಸುವಂಥದ್ದೇನೂ ಇರಲಿಲ್ಲ. ಮೂರನೇ ದಿನ ಎಲ್ಲರೂ ಅಳುತ್ತಾರೆ, ಐದನೇ ದಿನ ಎಲ್ಲರೂ ಚಾ ಕುಡಿಯುತ್ತಾರೆ ಎಂದು ನಾನೂ ಮಾತನ್ನೇ ಮುದ್ರಿಸಿ ಕಳಿಸಿದೆ. ಐದನೆಯ ದಿನ ಮತ್ತೊಂದು ಸಂದೇಶ: ಸೊರ್ ಎಂದು ಚಾ ಹೀರುವ ಸದ್ದು, ಮೂರು ಸಲ.

ಈಗ ಅವಳು ಬೆಳಿಗ್ಗೆ ಕುಳಿತವಳು ಮಧ್ಯಾಹ್ನ ತಾನೇ ಏಳುತ್ತಾಳೆ. ನನ್ನ ಭಾನುವಾರದ ತೂಕದ ಮೇಲ್ವಿಚಾರಣೆಯೂ ಅವಳದೇ. ಅಂಕಿಯ ಜೊತೆ ಎರಡೂ ಪಾದಗಳು ಫೋಟೋದಲ್ಲಿ ಕಾಣಬೇಕೆಂಬುದು ಅವಳ ಆಜ್ಞೆ, ಇಡೀ ಬಳಗ ಈಗ ಹಾಗೇ ಕಳಿಸುತ್ತದೆ. ಹೋದ ಭಾನುವಾರ ಎರಡು ಪಾದಗಳನ್ನೂ ಜೋಡಿಸಿಟ್ಟು, ನೂರಾ ಮೂರು ಎಂಬ ಅಂಕಿಯನ್ನು ಹೆಮ್ಮೆಯಿಂದ ಕಳಿಸಿದೆ. ಐದು ನಿಮಿಷದಲ್ಲಿ ಅವಳ ಧ್ವನಿ ಬಂತು: “ಕಾಲ್ ಎರಡೂ ಇತ್ತ್, ಸರಿ. ಹಿಂದೆ ಮೂಟಿ ಮೇಲ್ ಡಬ್ಬಿ ಎಂತದ್ದ್?”

ಒಳಗಿದ್ದದ್ದು ಮೂರು ತುಂಡು ಎಂದು ಬರೆದೆ. ಬರೆದು, ಅಳಿಸಿ, ಐದು ಎಂದು ತಿದ್ದಿ ಕಳಿಸಿದೆ. ಏಳು ಎಂಬುದು ಹೇಗೂ ಅವಳಿಗೆ ಕಂಡಿರುತ್ತದೆ.