ಕಣ್ಣಳತೆ ಮೇಸ್ತ್ರಿಗಳ ಮನೆಗೆ ಬಂದ ಬೀರು

"ಫೋನಿನಲ್ಲಿ ಕೊಂಡ ಒಂದು ಮೊಳೆ ಕೂಡ ಈ ಮನೆ ಹೊಸಿಲು ದಾಟಕೂಡದು, ಗೊತ್ತಾಯ್ತಾ?" ಎಂದು ಮೇಸ್ತ್ರಿಗಳು ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿದರು. ಮೇಜು ಅಲುಗಾಡಿತು. ಅದನ್ನು ಮಾಡಿದವರು ಅವರೇ. ಕಾಲು ಸರಿಮಾಡಿಕೊಡುತ್ತೇನೆಂದು ಹೇಳಿ ಬಹಳ ಕಾಲವಾಗಿತ್ತು.

ಮೇಸ್ತ್ರಿಗಳೆಂದರೆ ಸಾಮಾನ್ಯರಲ್ಲ. ಪಕ್ಕದ ಬೀದಿಯ ತಿರುವಿನಲ್ಲಿ ಮರಗೆಲಸದ ಅಂಗಡಿ, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು, ತಲೆಗೂದಲಿನಲ್ಲಿ ಸದಾ ಮರದ ಹೊಟ್ಟು. ಟೇಪು ಹಿಡಿಯುವುದು ಅವರ ಮರ್ಯಾದೆಗೆ ಕಡಿಮೆ. ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಕಿರಿದು ಮಾಡಿದರೆ ಬಾಗಿಲಿನದ್ದೇನು, ಬಾಗಿಲಲ್ಲಿ ನಿಂತವರ ಅಳತೆಯೂ ಸಿಕ್ಕಿಬಿಡುತ್ತಿತ್ತು. ಅದಕ್ಕೇ ಕಣ್ಣಳತೆ ಮೇಸ್ತ್ರಿಗಳು ಎಂಬ ಬಿರುದು. ಬಿರುದು ಕೊಟ್ಟುಕೊಂಡವರೂ ಅವರೇ ಎಂಬುದು ಹೆಂಡತಿಯ ಗುಮಾನಿ.

"ಹಾಗಾದ್ರೆ ನೀವೇ ಒಂದು ಬೀರು ಮಾಡಿಕೊಡಿ" ಎಂದಳು ಹೆಂಡತಿ.

"ಮಾಡಲ್ಲ ಅಂದೆನಾ? ಒಳ್ಳೇ ಮರ ಬರಲಿ. ಆಮೇಲೆ ನೋಡು, ಮೊಮ್ಮಕ್ಕಳ ಕಾಲಕ್ಕೂ ಅಲುಗಾಡಬಾರದು."

"ನಾಲ್ಕು ವರ್ಷದಿಂದ ಆ ಮರ ಬರ್ತಾನೇ ಇದೆ. ಇನ್ನೂ ಕಾಡಲ್ಲೇ ಬೆಳೀತಿದೆಯೋ ಏನೋ."

ಮಲಗುವ ಕೋಣೆಯಲ್ಲಿ ಒಂದು ಕುರ್ಚಿಯಿತ್ತು. ಅದು ಕುರ್ಚಿ ಎಂಬುದೇ ಮನೆಯವರಿಗೆ ಮರೆತುಹೋಗಿತ್ತು, ಅಷ್ಟೊಂದು ಬಟ್ಟೆ ಅದರ ಮೇಲೆ. ಅಡಿಗೆಮನೆಯ ಗೋಡೆಗೆ ಕಬ್ಬಿಣದ ಮೂರು ಆಸರೆಗಳನ್ನು ಹೊಡೆದು, ಹಲಗೆ ನಾಳೆ ತರುತ್ತೇನೆ ಎಂದು ಹೋದವರು ಹಾಗೇ ಹೋಗಿದ್ದರು. ಮೇಸ್ತ್ರಿಗಳ ತಾಯಿಯ ಮಂಚದ ಒಂದು ಕಾಲಿನ ಕೆಳಗೆ ಮಡಿಸಿಟ್ಟ ರಟ್ಟು. ಒಟ್ಟಿನಲ್ಲಿ ಆ ಮನೆಯಲ್ಲಿ ಅಲುಗಾಡದ ಕಾಲೆಂದರೆ ಮನುಷ್ಯರದ್ದು ಮಾತ್ರ.

ಇಲ್ಲೊಂದು ಗುಟ್ಟನ್ನು ಹೇಳಿಬಿಡಬೇಕು. ಫೋನಿನ ಅಂಗಡಿಗಳನ್ನು ಬಾಯಿತುಂಬ ಬಯ್ಯುತ್ತಿದ್ದ ಮೇಸ್ತ್ರಿಗಳು ಅಂಥದೇ ಒಂದು ಆ್ಯಪಿನಲ್ಲಿ ಕದ್ದು ಕೆಲಸಕ್ಕೆ ಸೇರಿದ್ದರು. ಏನು ಮಾಡುವುದು, ಜನ ಅಂಗಡಿ ಮೆಟ್ಟಿಲು ಹತ್ತುವುದನ್ನೇ ಬಿಟ್ಟಿದ್ದರು. ಬೀರು, ಮಂಚ, ಮೇಜು ಎಲ್ಲವನ್ನೂ ಕೂತಲ್ಲೇ ಒತ್ತಿ ತರಿಸುತ್ತಿದ್ದರು. ಬಂದದ್ದು ಮಾತ್ರ ಬಿಡಿಬಿಡಿಯಾಗಿ ಬರುತ್ತಿತ್ತು, ಹಲಗೆ ಒಂದು ಕಡೆ, ತಿರುಪು ಒಂದು ಕಡೆ. ಅದನ್ನು ಜೋಡಿಸಿಕೊಡಲು ಆ್ಯಪು ಆಳನ್ನೂ ಕಳಿಸುತ್ತಿತ್ತು. ಆ ಆಳುಗಳಲ್ಲಿ ನಮ್ಮ ಮೇಸ್ತ್ರಿಗಳೂ ಒಬ್ಬರು. ಬೆನ್ನ ಮೇಲೆ 'ನಿಮ್ಮ ಮನೆಗೆ ನಾವೇ' ಎಂದು ಬರೆದಿದ್ದ ಕಿತ್ತಳೆ ಬಣ್ಣದ ಅಂಗಿಯನ್ನು ತೊಟ್ಟು ಕೆಲಸ ಮುಗಿಸಿ, ಮನೆಗೆ ಮರಳುವ ಮುನ್ನ ಅದನ್ನು ಸಲಕರಣೆ ಚೀಲದ ತಳಕ್ಕೆ ತುರುಕುತ್ತಿದ್ದರು. ಇಲ್ಲಿಯವರೆಗೆ ಯಾರೂ ಐದು ನಕ್ಷತ್ರಕ್ಕಿಂತ ಕಡಿಮೆ ಕೊಟ್ಟಿರಲಿಲ್ಲ. ಹಾಗಾಗಿ ಫೋನಿನಲ್ಲಿ ಅವರ ಫೋಟೋದ ಪಕ್ಕ ಒಂದು ಚಿನ್ನದ ಬಿಲ್ಲೆ ಹೊಳೆಯುತ್ತಿತ್ತು. ಒಂದೇ ಒಂದು ನಕ್ಷತ್ರ ಕಡಿಮೆಯಾದರೂ, ಬಂದ ಕೆಲಸವನ್ನು ಒಲ್ಲೆ ಎಂದರೂ ಬಿಲ್ಲೆ ಮಾಯ. ಆ ಬಿಲ್ಲೆಯನ್ನು ಅವರು ಅಂಗಡಿಯ ಹಿಂಬದಿಗೆ ಹೋಗಿ ದಿನಕ್ಕೊಮ್ಮೆಯಾದರೂ ನೋಡಿಕೊಂಡು ಬರುತ್ತಿದ್ದರು.

ಮೇಸ್ತ್ರಿಗಳ ಘೋಷಣೆಯಾಗಿ ವಾರ ಕಳೆದಿರಲಿಲ್ಲ, ನಡುಮನೆಯಲ್ಲಿ ಉದ್ದನೆಯ ಮೂರು ರಟ್ಟಿನ ಪೆಟ್ಟಿಗೆಗಳು ಬಂದು ಮಲಗಿದವು.

"ಏನಿದು?"

"ಬೀರು."

"ಇದು ಬೀರಾ? ಇದು ಹಪ್ಪಳದ ಕಟ್ಟು. ನಾನಂತೂ ಮುಟ್ಟಲ್ಲ. ಇಂಥ ಕಸಕ್ಕೆ ಕೈ ಹಚ್ಚೋನಲ್ಲ ನಾನು."

"ನಿಮ್ಮನ್ನ ಯಾರು ಕೇಳಿದ್ರು? ಜೋಡಿಸೋಕೆ ಅವರೇ ಆಳು ಕಳಿಸ್ತಾರೆ" ಎಂದು ಹೆಂಡತಿ ತಣ್ಣಗೆ ಫೋನು ಒತ್ತಿದಳು.

"ಬರಲಿ, ಬರಲಿ. ಅವನ ಕೈಗೆ ಸುತ್ತಿಗೆ ಹಿಡಿಯೋಕೆ ಬರುತ್ತಾ ಅಂತ ನಾನೂ ನೋಡ್ತೀನಿ" ಎಂದು ಮೇಸ್ತ್ರಿಗಳು ಮೀಸೆಯ ಮೇಲೆ ಕೈಯಾಡಿಸಿ ಅಂಗಡಿಗೆ ಹೊರಟರು.

ಅಂಗಡಿಯ ಬೀಗ ತೆಗೆಯುವಷ್ಟರಲ್ಲೇ ಅವರ ಫೋನು ಟಿಣ್ ಎಂದಿತು. 'ಹೊಸ ಕೆಲಸ. ಗ್ರಾಹಕರು ನಿಮ್ಮನ್ನೇ ಆರಿಸಿದ್ದಾರೆ.' ಮೇಸ್ತ್ರಿಗಳ ಎದೆ ಉಬ್ಬಿತು. ಅಷ್ಟು ಜನರಿರುವಾಗ ತಮ್ಮನ್ನೇ ಆರಿಸಿದ್ದಾರೆಂದರೆ ಯಾರೋ ಕೆಲಸದ ಬೆಲೆ ಗೊತ್ತಿದ್ದವರೇ ಇರಬೇಕು. ಹಿಂದೆಮುಂದೆ ನೋಡದೆ ಒಪ್ಪಿಗೆ ಒತ್ತಿ, ಕಿತ್ತಳೆ ಅಂಗಿ ತೊಟ್ಟು, ಬೈಕ್ ಹತ್ತಿದರು. ಆ ಆ್ಯಪು ಮೊದಲಿಗೆ ಮನೆಯ ಗುರುತು ಹೇಳುವುದಿಲ್ಲ, ಬರೀ ದಾರಿ ತೋರಿಸುತ್ತದೆ. ಫೋನಿನೊಳಗಿನ ಹೆಂಗಸು "ಎಡಕ್ಕೆ ತಿರುಗಿ" ಎಂದಳು. ತಿರುಗಿದರು. "ಬಲಕ್ಕೆ ತಿರುಗಿ" ಎಂದಳು. ಅದು ಅವರದ್ದೇ ಬೀದಿ. ಪಕ್ಕದ ಮನೆಯವರು ಬೀರು ತರಿಸಿರಬೇಕು, ಅವರ ಕಣ್ಣಿಗೆ ಬಿದ್ದರೆ ಮಾನ ಹೋಯಿತು ಎಂದು ಮೇಸ್ತ್ರಿಗಳು ಹೆಲ್ಮೆಟ್ಟಿನ ಗಾಜನ್ನು ಇಳಿಸಿಕೊಂಡರು.

"ನೀವು ತಲುಪಿದ್ದೀರಿ" ಎಂದಳು ಫೋನಿನ ಹೆಂಗಸು.

ಎದುರಿಗೆ ಅವರ ಮನೆಯ ಬಾಗಿಲು. ಬಾಗಿಲಲ್ಲಿ ಅವರ ಹೆಂಡತಿ. ಹಿಂದೆ ಕೋಲೂರಿಕೊಂಡು ಅವರ ತಾಯಿ.

"ಬನ್ನಿ ಬನ್ನಿ" ಎಂದಳು ಹೆಂಡತಿ. "ಹೆಲ್ಮೆಟ್ ತೆಗೀರಿ. ಫೋಟೋದಲ್ಲಿರೋರು ನೀವೇನಾ ಅಂತ ನೋಡಬೇಕಂತೆ."

"ಇದು... ಅಂದ್ರೆ... ನಿನಗೆ ಹೇಗೆ ಗೊತ್ತಾಯ್ತು?"

"ಆ ಅಂಗಿ ತಾನಾಗೇ ಒಗೆದುಕೊಳ್ಳುತ್ತೆ ಅಂದುಕೊಂಡ್ರಾ? ವಾರಕ್ಕೊಂದು ಸಲ ಚೀಲದಿಂದ ತೆಗೆದು, ಒಗೆದು, ಮಡಿಸಿ, ಅಲ್ಲೇ ತುರುಕಿಡ್ತಿದ್ದೆ."

ಮೇಸ್ತ್ರಿಗಳಿಗೆ ಹೌದಲ್ಲ ಅನ್ನಿಸಿತು. ಅಂಗಿ ಯಾವತ್ತೂ ಬೆವರು ನಾರಿರಲಿಲ್ಲ. ವಾಪಸು ಹೋಗಿಬಿಡೋಣವೆಂದರೆ ಚಿನ್ನದ ಬಿಲ್ಲೆ ಕಣ್ಣ ಮುಂದೆ ಬಂತು. ಹಲ್ಲು ಕಚ್ಚಿ, ಚಪ್ಪಲಿ ಬಿಟ್ಟು ಒಳಗೆ ಬಂದರು.

"ಬೀರು ಇಡೋ ಕೋಣೇಲೇ ಜೋಡಿಸಬೇಕು ಅಂತ ಇದರಲ್ಲಿ ಬರೆದಿದೆ" ಎಂದು ಹೆಂಡತಿ ಪೆಟ್ಟಿಗೆಯ ಜೊತೆ ಬಂದಿದ್ದ ಹಾಳೆಯನ್ನು ಚಾಚಿದಳು.

"ಹಾಳೆ ನೋಡಿ ಕೆಲಸ ಮಾಡೋಕೆ ನಾನೇನು ನಿನ್ನೆ ಮೊನ್ನೆಯವನಾ? ಆ ಕೋಣೇಲಿ ನಿನ್ನ ಬಟ್ಟೆ ಬೆಟ್ಟ ಇದೆ. ಇಲ್ಲೇ ಜೋಡಿಸಿ ಒಳಗೆ ತಳ್ಳಿದರಾಯ್ತು."

"ಬಾಗಿಲಲ್ಲಿ ಹಿಡಿಸುತ್ತಾ? ಅಳತೆ ನೋಡಿ."

ಮೇಸ್ತ್ರಿಗಳು ಒಂದು ಕಣ್ಣು ಮುಚ್ಚಿದರು. ಬಾಗಿಲನ್ನು ನೋಡಿದರು. ಇನ್ನೊಂದು ಕಣ್ಣು ಮುಚ್ಚಿ ಹಲಗೆಯನ್ನು ನೋಡಿದರು. "ಧಾರಾಳವಾಗಿ" ಎಂದರು.

ಬೀರು ಎದ್ದು ನಿಂತಿತು. ನಿಜ ಹೇಳಬೇಕೆಂದರೆ ಸೊಗಸಾಗಿಯೇ ನಿಂತಿತು, ಹಪ್ಪಳದ ಕಟ್ಟು ಎಂದವರೇ ಅದರ ಬಾಗಿಲನ್ನು ಎರಡು ಸಲ ತೆರೆದು ಮುಚ್ಚಿ ನೋಡಿದರು. ಆಮೇಲೆ ಗಂಡ ಹೆಂಡಿರಿಬ್ಬರೂ ಸೇರಿ ಅದನ್ನು ಕೋಣೆಯ ಕಡೆಗೆ ತಳ್ಳಿದರು. ಅರ್ಧ ಹೋದದ್ದು ಗಕ್ಕನೆ ನಿಂತಿತು. ಇನ್ನೂ ಜೋರಾಗಿ ತಳ್ಳಿದರು. ಈಗ ಹಿಂದಕ್ಕೂ ಬಾರದು. ಹೆಂಡತಿ ಕೋಣೆಯ ಒಳಗೆ, ಮೇಸ್ತ್ರಿಗಳು ಹೊರಗೆ, ನಡುವೆ ಬೀರು.

"ಧಾರಾಳವಾಗಿ" ಎಂದಿತು ಒಳಗಿನ ದನಿ.

"ಬಾಗಿಲ ಚೌಕಟ್ಟು ಮಳೆಗೆ ಊದಿಕೊಂಡಿದೆ ಕಣೇ. ಬೇಸಿಗೇಲಾದ್ರೆ ಹೋಗ್ತಿತ್ತು."

"ಹಾಗಾದ್ರೆ ಬೇಸಿಗೆವರೆಗೂ ನಾನು ಇಲ್ಲೇ ಇರಲಾ?"

"ಸುಮ್ನಿರೇ ಸ್ವಲ್ಪ, ಯೋಚನೆ ಮಾಡ್ತಿದೀನಿ."

"ಗ್ರಾಹಕರನ್ನ ಏಕವಚನದಲ್ಲಿ ಮಾತಾಡಿಸಬಾರದಂತೆ. ಆ್ಯಪಿನಲ್ಲಿ ಬರೆದಿದೆ. ಓದಲಾ?"

ಮೇಸ್ತ್ರಿಗಳು ಕಿತ್ತಳೆ ಅಂಗಿಯ ಕಾಲರು ಸರಿಮಾಡಿಕೊಂಡರು. "ಸ್ವಲ್ಪ ತಾಳ್ಕೊಳ್ಳಿ, ಮೇಡಂ" ಎಂದರು. ಅವರ ತಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದರು. ಹೆಗಲು ಕುಣಿಯುವುದು ಮಾತ್ರ ಹಿಂದಿನಿಂದಲೂ ಕಾಣುತ್ತಿತ್ತು.

ಮಾಡಿದ್ದನ್ನೆಲ್ಲ ಒಂದೊಂದಾಗಿ ಬಿಚ್ಚುವುದೊಂದೇ ದಾರಿ. ಬಿಚ್ಚಿದರು. ಹೆಂಡತಿ ಹೊರಗೆ ಬಂದು, ಹೊಲಿಗೆ ಡಬ್ಬಿಯಿಂದ ಟೇಪನ್ನು ತಂದು ಅವರ ಕೈಗಿಟ್ಟಳು. ಕಣ್ಣಳತೆ ಮೇಸ್ತ್ರಿಗಳು ಹಾಳೆಯನ್ನು ನೆಲದ ಮೇಲೆ ಹರಡಿಕೊಂಡು, ಟೇಪು ಹಿಡಿದು, ಒಂದೊಂದು ಸಾಲಿಗೂ ಬೆರಳಿಟ್ಟು ಓದುತ್ತ, ಕೋಣೆಯೊಳಗೇ ಬೀರನ್ನು ಎರಡನೆಯ ಸಲ ಜೋಡಿಸಿದರು. ಬಟ್ಟೆಯ ಬೆಟ್ಟ ಕರಗಿ ಕುರ್ಚಿ ಹೊರಬಿತ್ತು. ಹೆಂಡತಿ ಅದರ ಮೇಲೆ ಕೂತು ಬೀರನ್ನು ನೋಡಿದಳು. ಮುಖದಲ್ಲಿ ಸಂತೋಷ ಎದ್ದು ಕಾಣುತ್ತಿತ್ತು. ಅದನ್ನು ನೋಡಿ ಮೇಸ್ತ್ರಿಗಳಿಗೆ, ಇಷ್ಟು ಮಾಡಲು ಇಷ್ಟು ದಿನ ಬೇಕಾಯಿತೇ ಎಂದು ನಾಚಿಕೆಯೇ ಆಯಿತು. ಆದರೂ ಬಿಲ್ಲೆಯ ಚಿಂತೆ ಬಿಡಲಿಲ್ಲ.

"ಐದು ಕೊಡ್ತೀಯಲ್ವಾ? ಅಲ್ಲ, ಕೊಡ್ತೀರಲ್ವಾ ಮೇಡಂ?"

ಹೆಂಡತಿ ಬಹಳ ಹೊತ್ತು ಫೋನು ಒತ್ತಿದಳು. ಮೇಸ್ತ್ರಿಗಳ ಫೋನು ಟಿಣ್ ಎಂದಿತು. ತಟ್ಟನೆ ತೆಗೆದು ನೋಡಿದರು. ಐದು ನಕ್ಷತ್ರ! ಕೆಳಗೆ ಎರಡು ಸಾಲು: 'ಕೆಲಸ ಅಚ್ಚುಕಟ್ಟು. ಬಂದದ್ದು ಮಾತ್ರ ನಾಲ್ಕು ವರ್ಷ ತಡ.'

ಓದಿ ಮುಗಿಸುವಷ್ಟರಲ್ಲಿ ಇನ್ನೊಮ್ಮೆ ಟಿಣ್. 'ಹೊಸ ಕೆಲಸ. ಅದೇ ಗ್ರಾಹಕರು. ಅಡಿಗೆಮನೆಗೆ ಹಲಗೆ ಕೂರಿಸುವುದು.'

"ಅದನ್ನ ನಾಳೆ..." ಎಂದು ಅಭ್ಯಾಸಬಲದಿಂದ ಬಾಯಿ ತೆರೆದವರು, ಕೆಳಗಿನ ಸಾಲನ್ನು ಓದಿ ಅಲ್ಲಿಗೇ ನಿಲ್ಲಿಸಿದರು. 'ಕೂಡಲೇ ಒಪ್ಪದಿದ್ದರೆ ಕೆಲಸ ಬೇರೆಯವರಿಗೆ ಹೋಗುತ್ತದೆ.' ತಮ್ಮ ಮನೆಯ ಅಡಿಗೆಮನೆಯಲ್ಲಿ ಬೇರೆ ಯಾವನೋ ಬಡಗಿ, ಅದೂ ಟೇಪು ಹಿಡಿದುಕೊಂಡು! ಮೇಸ್ತ್ರಿಗಳ ಹೆಬ್ಬೆರಳು ತಾನಾಗಿಯೇ ಒಪ್ಪಿಗೆ ಒತ್ತಿತು.

ಇಷ್ಟನ್ನೂ ಕಣ್ಣು ಮಿಟುಕಿಸದೆ ನೋಡುತ್ತಿದ್ದ ತಾಯಿ ಸೊಸೆಯನ್ನು ಹತ್ತಿರ ಕರೆದರು. "ನನಗೂ ಅಂಥದ್ದೊಂದು ಫೋನು ಕೊಡಿಸಮ್ಮ" ಎಂದರು. "ಮಂಚದ ಕಾಲು ಸರಿಮಾಡೋ ಅಂತ ಎಷ್ಟು ವರ್ಷದಿಂದ ಬಾಯಲ್ಲಿ ಹೇಳ್ತಾ ಇದೀನಿ ನೋಡು."