ಪಟ್ಟಿರಾಯರ ಪೆನ್‌ಡ್ರೈವಿಗೆ ವೇಗ ಬಂದ ದಿನ

ಪಟ್ಟಿರಾಯರ ಕಂಪ್ಯೂಟರಿನ ಹಾರ್ಡ್‌ಡಿಸ್ಕು ಸತ್ತು ಮೂರು ತಿಂಗಳಾಗಿತ್ತು. ಹೊಸದನ್ನು ಕಳಿಸುತ್ತೇವೆಂದು ಕೇಂದ್ರ ಕಚೇರಿಯವರು ಹೇಳಿದ್ದರು. ಈಗಲೂ ಹೇಳುತ್ತಲೇ ಇದ್ದರು. ಅಲ್ಲಿಯವರೆಗೆ ಇರಲಿ ಎಂದು ರಿಪೇರಿಯವನೊಬ್ಬ ಇಡೀ ಆಪರೇಟಿಂಗ್ ಸಿಸ್ಟಮ್ಮನ್ನು ಒಂದು ಪೆನ್‌ಡ್ರೈವಿಗೆ ತುಂಬಿ, ಅದನ್ನು ಕಂಪ್ಯೂಟರಿನ ಮುಂಭಾಗದ ತೂತಿಗೆ ಸಿಕ್ಕಿಸಿ, ಹಿಂದಿರುಗಿ ನೋಡದೆ ಹೋಗಿದ್ದ. ಡಿಪೋದ ತೊಂಬತ್ತು ಬಸ್ಸುಗಳ ವೇಳಾಪಟ್ಟಿ ಆ ಹೆಬ್ಬೆರಳುದ್ದದ ಕಡ್ಡಿಯನ್ನು ನಂಬಿಕೊಂಡು ಓಡುತ್ತಿತ್ತು.

ವೇಳಾಪಟ್ಟಿ ಮಾಡುವುದೇ ಕೆಲಸವಾದ್ದರಿಂದ ಎಲ್ಲರ ಬಾಯಲ್ಲೂ ಅವರು ಪಟ್ಟಿರಾಯರು. ನಿಜವಾದ ಹೆಸರು ಗೊತ್ತಿದ್ದದ್ದು ಸಂಬಳದ ಚೀಟಿಗೆ ಮಾತ್ರ.

ಪೆನ್‌ಡ್ರೈವಿನ ಕಂಪ್ಯೂಟರು ಏಳುವುದಕ್ಕೇ ಹನ್ನೆರಡು ನಿಮಿಷ ಬೇಕಿತ್ತು. ಎದ್ದ ಮೇಲೂ ಒಂದು ಅಕ್ಷರ ಒತ್ತಿದರೆ, ಅದು ಮುನಿಸಿಕೊಂಡ ಅಳಿಯ ಊಟದ ಮನೆಗೆ ಬರುವ ಹಾಗೆ, ಮೂರು ಸಲ ಕರೆಸಿಕೊಂಡು ಪರದೆಯ ಮೇಲೆ ಬರುತ್ತಿತ್ತು. ರಾಯರ ಪಟ್ಟಿ ಮುಗಿಯದೆ ಮರುದಿನದ ಡ್ರೈವರುಗಳಿಗೆ ಕೆಲಸ ಹಂಚುವಂತಿಲ್ಲ; ಹಂಚದೆ ಆಫೀಸಿನಲ್ಲಿ ಯಾರೂ ಏಳುವಂತಿಲ್ಲ. ಹೀಗಾಗಿ ಮೂರು ತಿಂಗಳಿಂದ ಇಡೀ ಆಫೀಸು ಎಂಟೂಕಾಲರ ಬಸ್ಸಿಗೆ ಜೋತುಬಿದ್ದು ಮನೆ ಸೇರುತ್ತಿತ್ತು.

ಆದರೆ ಇವತ್ತು ಹಾಗಾಗುವಂತಿರಲಿಲ್ಲ. ರಾಯರ ಹೆಂಡತಿ ನಲವತ್ತೆಂಟನೆಯ ವಯಸ್ಸಿನಲ್ಲಿ ಹಾಡು ಕಲಿತು, ತಮ್ಮ ಬಡಾವಣೆಯ ಹದಿನಾಲ್ಕು ಹೆಂಗಸರ ಜೊತೆ ಸಂಜೆ ಆರೂವರೆಗೆ ಮೊದಲ ಬಾರಿ ವೇದಿಕೆ ಹತ್ತುವವರಿದ್ದರು.

"ನೀವು ಬರದಿದ್ರೂ ಪರವಾಗಿಲ್ಲ," ಎಂದಿದ್ದರು ಬೆಳಿಗ್ಗೆ, ಬಾಗಿಲಲ್ಲಿ ನಿಂತು.

ಇಪ್ಪತ್ತನಾಲ್ಕು ವರ್ಷ ಸಂಸಾರ ಮಾಡಿದ್ದ ರಾಯರಿಗೆ ಆ ಮಾತಿನ ಅರ್ಥ ಚೆನ್ನಾಗಿ ಗೊತ್ತಿತ್ತು. 

"ಐದು ಹತ್ತರ ಬಸ್ಸಿಗೆ ಹತ್ತೇ ಹತ್ತುತ್ತೀನಿ. ನೀವೆಲ್ಲ ಅದೇ ಬಸ್ಸಿಗೆ ಬಡಾವಣೆ ಸ್ಟಾಪಲ್ಲಿ ಹತ್ತಿ. ಒಟ್ಟಿಗೇ ಹಾಲ್‌ಗೆ ಹೋಗೋಣ," ಎಂದು ಮಾತು ಕೊಟ್ಟು ಬಂದಿದ್ದರು.

ಬಂದು ಕೂತರೆ ಮೇಜಿನ ಮೇಲೆ ಕೇಂದ್ರ ಕಚೇರಿಯ ಕಾಗದ. ಸರಾಸರಿ ನಾಲ್ಕು ಜನಕ್ಕಿಂತ ಕಡಿಮೆ ಹತ್ತುವ ಸಂಚಾರಗಳನ್ನೆಲ್ಲ ರದ್ದು ಮಾಡಿ, ಹೊಸ ಪಟ್ಟಿಯನ್ನು ಇಂದು ಸಂಜೆ ಐದರಿಂದಲೇ ಜಾರಿಗೆ ತರತಕ್ಕದ್ದು.

"ನಾಲ್ಕು ಗಂಟೆಗೆ ನನ್ನ ಮೇಜಿನ ಮೇಲಿರ್ಬೇಕು, ರಾಯರೇ," ಎಂದರು ಮ್ಯಾನೇಜರು.

"ಈ ಕಂಪ್ಯೂಟರಲ್ಲಾ ಸಾರ್?"

"ಮನಸ್ಸಿದ್ರೆ ಮಾರ್ಗ," ಎಂದು ಮ್ಯಾನೇಜರು ತಮ್ಮ ಕೋಣೆಯ ಬಾಗಿಲು ಹಾಕಿಕೊಂಡರು.

ಹನ್ನೊಂದು ಗಂಟೆಯ ಹೊತ್ತಿಗೆ ರಾಯರು ಆರು ಬಸ್ಸುಗಳ ಪ್ರಯಾಣಿಕರ ಲೆಕ್ಕ ತುಂಬಿದ್ದರು. ಆಗ ಗ್ಯಾರೇಜಿನ ಮೇಸ್ತ್ರಿ ಗ್ರೀಸಿನ ಕೈ ಒರೆಸುತ್ತ ಒಳಗೆ ಬಂದ. ಯಾವುದೇ ಯಂತ್ರ ನರಳುತ್ತಿದ್ದರೆ ಅವನಿಗೆ ತಡೆಯಲಾಗುತ್ತಿರಲಿಲ್ಲ.

"ಇದೇನ್ ಸಾರ್, ಟ್ಯಾಂಕನ್ನ ಹೊರಗಿಟ್ಟು ಸ್ಟ್ರಾದಲ್ಲಿ ಡೀಸೆಲ್ ಕುಡಿಸ್ತಿದೀರ! ಕಸ ಕೂತಿರತ್ತೆ ಅಷ್ಟೆ. ಒಂದ್ಸಲ ಊದಿದ್ರೆ ಸರಿಹೋಗತ್ತೆ."

"ಬೇಡ ಮೇಸ್ತ್ರಿ, ಅದನ್ನ ಮುಟ್‌..."

ರಾಯರ 'ಮುಟ್ಟಬೇಡ' ಪೂರ್ತಿಯಾಗುವುದರೊಳಗೆ ಪೆನ್‌ಡ್ರೈವು ಮೇಸ್ತ್ರಿಯ ತುಟಿಯ ಮುಂದಿತ್ತು. ಅವನು ಅದನ್ನು ಕಾರ್ಬುರೇಟರಿಗೆ ಊದುವಂತೆ ಎದೆ ತುಂಬಿ ಊದಿದ. ಪರದೆಯ ಮೇಲಿನ ಬಾಣ ಇದ್ದಲ್ಲೇ ಕಲ್ಲಾಯಿತು. ಆರು ಬಸ್ಸುಗಳ ಲೆಕ್ಕ ಗಾಳಿಗೆ ಹೋಯಿತು.

"ಕಸ ಇರಲಿಲ್ಲ ಬಿಡಿ," ಎಂದು ಮೇಸ್ತ್ರಿ ಪ್ರಾಮಾಣಿಕವಾಗಿ ಒಪ್ಪಿಕೊಂಡ.

ಗಲಾಟೆ ಕೇಳಿ ಉಗ್ರಾಣ ನೋಡಿಕೊಳ್ಳುವ ಅಕ್ಕ ಬಂದರು. ಟೈರು, ಬೋಲ್ಟು, ಹಳೆಯ ಕಂಪ್ಯೂಟರು ಎಲ್ಲವೂ ಅವರ ಸುಪರ್ದಿನಲ್ಲಿದ್ದವು. ಹೋದ ವರ್ಷ ಕಂಪ್ಯೂಟರ್ ತರಬೇತಿಯಲ್ಲಿ ಪಾಸಾದ ಒಬ್ಬರೇ ಒಬ್ಬರೂ ಅವರೇ. ಪೆನ್‌ಡ್ರೈವನ್ನು ಮುಟ್ಟಿ ನೋಡಿ, "ಅಯ್ಯೋ, ಜ್ವರ ಬಂದ ಮಗು ಹಣೆ ಇದ್ದಹಾಗಿದೆ. ಬಿಸಿಯಾದ್ರೆ ಇದು ಇನ್ನೂ ನಿಧಾನ ಆಗತ್ತೆ. ಮೊದಲು ತಣ್ಣಗಾಗಲಿ," ಎಂದರು.

ತಣ್ಣಗಾಗಲಿ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಮೇಸ್ತ್ರಿ ಗ್ಯಾರೇಜಿಗೆ ಓಡಿಹೋಗಿ, ಪೇಂಟು ಒಣಗಿಸುವ ದೊಡ್ಡ ಫ್ಯಾನನ್ನು ಎತ್ತಿ ತಂದು ಮೇಜಿನ ಮುಂದಿಟ್ಟು ಸ್ವಿಚ್ ಒತ್ತಿದ. ಪೆನ್‌ಡ್ರೈವು ತಣ್ಣಗಾಯಿತೋ ಇಲ್ಲವೋ, ಮೇಜಿನ ಮೇಲಿದ್ದ, ಪ್ರಯಾಣಿಕರ ಲೆಕ್ಕ ಬರೆದ ಕಂಡಕ್ಟರುಗಳ ಚೀಟಿಗಳೆಲ್ಲ ಪಾರಿವಾಳದ ಹಿಂಡಿನಂತೆ ಎದ್ದು ಕಿಟಕಿಯಿಂದ ಹೊರಟವು.

ರಾಯರು ಮೆಟ್ಟಿಲಿಳಿದು ಓಡಿದರು. ಅಂಗಳದಲ್ಲಿ ಬಿದ್ದದ್ದನ್ನೆಲ್ಲ ಆಯ್ದರು. ಕಡೆಯ ಚೀಟಿಯೊಂದು ಹೊರಡಲು ನಿಂತ ಬಸ್ಸಿನೊಳಗೆ ಹಾರಿ ಹಿಂದಿನ ಸೀಟಿನಡಿ ಸೇರಿತು. ರಾಯರು ಒಳಗೆ ಹತ್ತಿ, ಮೊಣಕಾಲೂರಿ, ಅದನ್ನು ಹಿಡಿದು ತಲೆಯೆತ್ತುವಷ್ಟರಲ್ಲಿ ಬಸ್ಸು ಗೇಟು ದಾಟಿತ್ತು.

"ನಿಲ್ಸಪ್ಪಾ!"

"ಮಧ್ಯದಲ್ಲಿ ನಿಲ್ಸಂಗಿಲ್ಲ ಸಾರ್," ಎಂದ ಡ್ರೈವರು. "ನಿಮ್ಮ ಪಟ್ಟಿಲೇ ಹಾಗೆ ಬರೆದಿದೀರಿ. ಮುಂದಿನ ಸ್ಟಾಪು ಸೇತುವೆ ಆಚೆ."

ಸೇತುವೆಯಾಚೆಯಿಂದ ರಾಯರು ನಡೆದು ವಾಪಸು ಬಂದಾಗ ಒಂದೂವರೆ. ಅಂಗಿ ಬೆನ್ನಿಗಂಟಿತ್ತು. ಇನ್ನು ಹೆಂಡತಿಗೆ ಏನು ಹೇಳುವುದೆಂದು ಯೋಚಿಸುತ್ತ ಬಾಗಿಲಿಗೆ ಬಂದರೆ, ಉಗ್ರಾಣದ ಅಕ್ಕ ಅವರದೇ ಕುರ್ಚಿಯಲ್ಲಿ ಕೂತು ಕೈ ಕಟ್ಟಿಕೊಂಡಿದ್ದರು.

"ಒತ್ತಿ ನೋಡಿ," ಎಂದರು.

ರಾಯರು ಹೆದರುತ್ತ ಒಂದು ಅಕ್ಷರ ಒತ್ತಿದರು. ಬೆರಳು ಎತ್ತುವ ಮೊದಲೇ ಅಕ್ಷರ ಪರದೆಯ ಮೇಲಿತ್ತು. ಇನ್ನೊಂದು ಒತ್ತಿದರು. ಅದೂ ಇತ್ತು.

"ಏನ್ ಮಾಡಿದ್ರಿ ಅಕ್ಕ?"

"ಏನಿಲ್ಲ. ಕಡ್ಡೀನ ಮುಂದಿನ ಹಳೇ ತೂತಿಂದ ತೆಗೆದು ಹಿಂದಿನ ನೀಲಿ ತೂತಿಗೆ ಹಾಕ್ದೆ. ಅದು ಅಗಲ ರಸ್ತೆ ಇದ್ದಹಾಗೆ. ಉಗ್ರಾಣದಲ್ಲಿದ್ದ ಗುಜರಿ ಕಂಪ್ಯೂಟರಿಂದ ಒಂದು ಮೆಮೊರಿ ಪಟ್ಟಿ ಕಿತ್ತು ಇದಕ್ಕೆ ಕೂರಿಸ್ದೆ. ಇದಕ್ಕೆ ಒಂದು ಚಟ ಇತ್ತು, ಕೆಮ್ಮಿದ್ರೂ ಸೀನಿದ್ರೂ ಕಡ್ಡಿ ಮೇಲೆ ಬರೆದಿಡೋದು. ಚಿಲ್ಲರೆ ವಿಷ್ಯ ಎಲ್ಲ ಮೆಮೊರಿಲೇ ಇಟ್ಕೋ, ಮುಖ್ಯವಾದದ್ದು ಮಾತ್ರ ಕಡ್ಡಿಗೆ ಬರಿ ಅಂತ ಬುದ್ಧಿ ಹೇಳ್ದೆ. ಪರದೆ ಮೇಲೆ ಆ ಮೀನು ಈಜೋ ಚಿತ್ರಾನೂ ತೆಗೆದುಹಾಕ್ದೆ."

ಮೀನುಗಳ ಬಗ್ಗೆ ರಾಯರಿಗೆ ಕೊಂಚ ಬೇಸರವಾಯಿತು. ಮೂರು ತಿಂಗಳು ಅವೇ ಜೊತೆಗಿದ್ದವು. ಆದರೆ ದುಃಖಪಡಲು ಸಮಯವಿರಲಿಲ್ಲ. ಅವರು ಚೀಟಿಗಳ ಲೆಕ್ಕ ತುಂಬತೊಡಗಿದರು. ಒಂದು ಬಸ್ಸು, ಹತ್ತು ಬಸ್ಸು, ನಲವತ್ತು ಬಸ್ಸು! ಮೊದಲೆಲ್ಲ ಒಂದು ಸಾಲು ಕಾಣಿಸಿಕೊಳ್ಳುವಷ್ಟರಲ್ಲಿ ಅದನ್ನು ಮೂರು ಸಲ ಓದಲು ಪುರಸೊತ್ತಿರುತ್ತಿತ್ತು. ಈಗ ಕಣ್ಣಿಗಿಂತ ಮುಂದೆ ಸಾಲುಗಳು ಓಡುತ್ತಿದ್ದವು. ಮೂರು ನಲವತ್ತಕ್ಕೆ 'ಜನವಿಲ್ಲದ ಸಂಚಾರ ತೆಗೆ' ಎಂಬ ಗುಂಡಿ ಒತ್ತಿದರು. ಕಂಪ್ಯೂಟರು ಕಣ್ಣು ಮಿಟುಕಿಸುವುದರಲ್ಲಿ ಹನ್ನೊಂದು ಸಂಚಾರಗಳನ್ನು ಕಿತ್ತೆಸೆದು, ಹೊಸ ಪಟ್ಟಿಯನ್ನು ಮುದ್ರಿಸಿ ಕೊಟ್ಟಿತು. ಮ್ಯಾನೇಜರು ಗಡಿಯಾರ ನೋಡಿದರು, ರಾಯರನ್ನು ನೋಡಿದರು, ಪಟ್ಟಿಯನ್ನು ಮಾತ್ರ ನೋಡದೆ ರಾಯರ ಸಹಿಯ ಪಕ್ಕ ತಮ್ಮದನ್ನೂ ಹಾಕಿದರು.

ಐದಕ್ಕೆ ರಾಯರು ಮುಖ ತೊಳೆದು, ತಲೆ ಬಾಚಿ, ಮುಂದಿನ ಗೇಟಿನ ಬಳಿ ಬಂದು ನಿಂತರು. ಮೂರು ತಿಂಗಳ ಮೇಲೆ ಮೊದಲ ಸಲ ಸಂಜೆಯ ಬೆಳಕು ಕಂಡದ್ದು. ಗೋಡೆಯ ಬಣ್ಣ ಹಳದಿಯೆಂದು ಅವರಿಗೆ ಮರೆತೇಹೋಗಿತ್ತು.

ಐದು ಹತ್ತಾಯಿತು. ಐದು ಹದಿನೈದಾಯಿತು.

"ಬಡಾವಣೆ ಬಸ್ಸು ಎಲ್ಲಪ್ಪಾ?" ಎಂದು ಗೇಟಿನವನನ್ನು ಕೇಳಿದರು.

"ಐದು ಹತ್ತರದ್ದಾ? ರದ್ದಾಯ್ತಲ್ಲ ಸಾರ್." ಅವನು ಗೋಡೆಗೆ ಅಂಟಿಸಿದ್ದ ಹೊಸ ಪಟ್ಟಿಯ ಕಡೆ ಬೆರಳು ತೋರಿಸಿದ. "ಅದು ಆಫೀಸಿನವರಿಗೆ ಅಂತ ಬಿಟ್ಟಿದ್ದ ಬಸ್ಸು. ಮೂರು ತಿಂಗಳಿಂದ ಒಬ್ರೂ ಹತ್ತಿಲ್ಲ. ನಿಮ್ಮ ಆಫೀಸು ಬಿಡೋದೇ ಎಂಟಕ್ಕೆ ತಾನೆ? ಆ ಕಡೆಗೆ ಇನ್ನು ಎಂಟೂಕಾಲೇ."

ರಾಯರು ಪಟ್ಟಿಯ ಕೆಳಗಿದ್ದ ತಮ್ಮದೇ ಸಹಿಯನ್ನು ಪರರ ಸಹಿಯಂತೆ ನೋಡುತ್ತಿರುವಾಗ ಫೋನು ಬಡಿದುಕೊಂಡಿತು.

"ರೀ, ಎಲ್ಲಿದೀರಿ? ಹದಿನೈದು ಜನ ಒಂದೇ ಥರ ಸೀರೆ ಉಟ್ಕೊಂಡು ಸ್ಟಾಪಲ್ಲಿ ನಿಂತಿದೀವಿ. ಬಸ್ಸು ರದ್ದಾಗಿದೆ ಅಂತ ಇಲ್ಲಿ ಯಾರೋ ಹೇಳ್ತಿದಾರೆ. ನಿಜಾನಾ? ಯಾರ್ರೀ ಆ ಪುಣ್ಯಾತ್ಮ?"

"ಅದು... ಕಂಪ್ಯೂಟರು," ಎಂದರು ರಾಯರು. "ನೀವು ಅಲ್ಲೇ ಇರಿ. ಬಸ್ಸು ಬರತ್ತೆ."

ಮೇಸ್ತ್ರಿಯ ಬಳಿ ಒಂದು ಬಸ್ಸು ಖಾಲಿ ನಿಂತಿತ್ತು, ಡ್ರೈವರೂ ಇದ್ದ. ಆದರೆ ಪಟ್ಟಿಯಲ್ಲಿಲ್ಲದ ಬಸ್ಸು ಡಿಪೋದಿಂದ ಹೊರಡುವಂತಿಲ್ಲ. ರಾಯರು ಮೆಟ್ಟಿಲು ಹತ್ತಿ ಓಡಿದರು. ಬೆರಳುಗಳು ಕುಣಿದವು: 'ವಿಶೇಷ ಸಂಚಾರ, ಬಡಾವಣೆ ಮಾರ್ಗವಾಗಿ ಹಾಲ್‌ವರೆಗೆ. ಬೇಗ ತಲುಪಲು ಗ್ಯಾರೇಜಿನ ಹಿಂದಿನ ಗೇಟಿನಿಂದ ನೇರವಾಗಿ. ಬಡಾವಣೆ ಸ್ಟಾಪು ಬಿಟ್ಟರೆ ನಡುವೆ ನಿಲುಗಡೆ ಇಲ್ಲ.' ಎರಡು ನಿಮಿಷದಲ್ಲಿ ಹಾಳೆ ಕೈಯಲ್ಲಿತ್ತು, ಮೂರನೆಯದರಲ್ಲಿ ಮ್ಯಾನೇಜರ ಸಹಿ ಬಿದ್ದಿತ್ತು. ಹಾಳೆಯನ್ನು ಗೇಟಿನವನ ಕೈಯಲ್ಲಿ ಗ್ಯಾರೇಜಿಗೆ ಓಡಿಸಿ, ರಾಯರು ಅದೇ ಉಸಿರಿನಲ್ಲಿ ಮುಂದಿನ ಗೇಟಿಗೆ ಬಂದು, ಕರವಸ್ತ್ರದಿಂದ ಮುಖ ಒರೆಸಿಕೊಂಡು ಬಸ್ಸಿಗಾಗಿ ಕಾದು ನಿಂತರು. ಇಪ್ಪತ್ತು ವರ್ಷದ ಅಭ್ಯಾಸ. ಬಸ್ಸೆಂದರೆ ಮುಂದಿನ ಗೇಟು.

ಗ್ಯಾರೇಜಿನ ಹಿಂದುಗಡೆ ಎಲ್ಲೋ ಒಂದು ಹಾರ್ನು ಕೇಳಿಸಿ, ದೂರವಾಯಿತು.

ಅರ್ಧ ಗಂಟೆಯ ಮೇಲೆ ಫೋನು ಬಂತು. ಹಿನ್ನೆಲೆಯಲ್ಲಿ ಹದಿನಾಲ್ಕು ಗಂಟಲುಗಳು ಶ್ರುತಿ ಹಿಡಿಯುತ್ತಿದ್ದವು.

"ಇಡೀ ಬಸ್ಸು ನಮಗೇ ಕಳಿಸಿದೀರಲ್ರೀ! ಎಲ್ರೂ ನಿಮ್ಮನ್ನ ಹೊಗಳ್ತಿದಾರೆ. ಆದ್ರೆ ನೀವೆಲ್ಲಿ?"

ರಾಯರು ಗೇಟಿನ ಕಂಬಕ್ಕೆ ಒರಗಿದರು. "ನಾನು... ಸ್ವಲ್ಪ ತಡವಾಗತ್ತೆ."

"ಪರವಾಗಿಲ್ಲ," ಎಂದರು ಹೆಂಡತಿ. ಫೋನು ಸದ್ದಿಲ್ಲದೆ ಸತ್ತಿತು.

ರಾಯರು ಕಂಬ ಬಿಟ್ಟು ತಿರುಗುವಷ್ಟರಲ್ಲಿ ಮ್ಯಾನೇಜರು ಚೀಲ ಹಿಡಿದು ಹೊರಗೆ ಬಂದರು. ಮೂರು ತಿಂಗಳಲ್ಲಿ ಮೊದಲ ಸಲ ಅವರ ಮುಖದಲ್ಲಿ ನಗುವಿತ್ತು. ಅವರ ಮನೆ ಪಕ್ಕದ ಬೀದಿಯಲ್ಲೇ.

"ಎರಡೇ ನಿಮಿಷದಲ್ಲಿ ವಿಶೇಷ ಸಂಚಾರ ಮಾಡಿದ್ರಿ ಅಂತ ಕೇಂದ್ರ ಕಚೇರಿಗೆ ಈಗಷ್ಟೇ ಫೋನ್ ಮಾಡಿ ಹೇಳ್ದೆ, ರಾಯರೇ. ಭಾರಿ ಖುಷಿಪಟ್ರು. ಇಷ್ಟು ಚೆನ್ನಾಗಿ ಓಡ್ತಿದ್ರೆ ಹೊಸ ಹಾರ್ಡ್‌ಡಿಸ್ಕು ಯಾಕೆ, ಬೇರೆ ಡಿಪೋಗೆ ಕೊಡ್ತೀವಿ ಅಂದ್ರು." ಅವರು ಆಗಲೇ ಫ್ಯಾಕ್ಸಿನಲ್ಲಿ ಬಂದಿದ್ದ ಕಾಗದಗಳ ದಪ್ಪನೆಯ ಕಟ್ಟೊಂದನ್ನು ಚೀಲದಿಂದ ತೆಗೆದು ರಾಯರ ತೋಳಿನ ಮೇಲಿಟ್ಟರು. "ಅದು ಅಲ್ಲಿಗೆ ತಲುಪೋವರೆಗೆ ಆ ಡಿಪೋದ ಪಟ್ಟೀನೂ ನೀವೇ ಮಾಡಿಕೊಡ್ಬೇಕಂತೆ. ಅವಸರ ಏನಿಲ್ಲ. ಹೇಗೂ ಎಂಟೂಕಾಲರವರೆಗೆ ನಿಮಗೆ ಬಸ್ಸಿಲ್ವಲ್ಲ."