ಮುರಿದ ಕೈಯ ರೊಟ್ಟಿ

ನನ್ನ ಬಲಗೈ ಮುರಿದಾಗ ನೋವಾಯಿತೇ ಎಂದು ಒಬ್ಬರೂ ಕೇಳಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಪಾಚಿಗೆ ಕಾಲು ಜಾರಿ ಬಿದ್ದಿದ್ದೆ. ಮಣಿಕಟ್ಟು ನನಗೆ ಸಂಬಂಧವೇ ಇಲ್ಲವೆಂಬಂತೆ ಎತ್ತಲೋ ತಿರುಗಿತ್ತು. ಜಮಖಂಡಿಯ ದವಾಖಾನೆಯಲ್ಲಿ ಡಾಕ್ಟರು ಪ್ಲಾಸ್ಟರ್ ಸುತ್ತುತ್ತಿದ್ದರೆ ನಮ್ಮ ಅತ್ತೆ ಬಾಗಿಲಲ್ಲಿ ನಿಂತು ಕೇಳಿದ ಮೊದಲ ಪ್ರಶ್ನೆ, "ರೊಟ್ಟಿ ಬಡಿಯಾಕ ಯಾವಾಗಿಂದ ಬರತೈತ್ರಿ ಸಾಹೇಬ್ರ?" ಒಂದೂವರೆ ತಿಂಗಳು ಈ ಕೈಗೆ ಕೆಲಸ ಹಚ್ಚಿದರೆ ಮೂಳೆ ಸೊಟ್ಟ ಕೂಡುತ್ತದೆ, ಆಮೇಲೆ ಜನ್ಮಪೂರ್ತಿ ಹಾಗೆಯೇ ಎಂದರು ಡಾಕ್ಟರು. ಅತ್ತೆ ದೊಡ್ಡ ನಿಟ್ಟುಸಿರು ಬಿಟ್ಟರು. ಅದು ನನ್ನ ಮೂಳೆಗಾಗಿ ಬಿಟ್ಟದ್ದು ಎಂದುಕೊಂಡೆ. (ಮದುವೆಯಾಗಿ ಇಷ್ಟು ವರ್ಷವಾದರೂ ನನಗೆ ಬುದ್ಧಿ ಬಂದಿಲ್ಲ.)

ನಮ್ಮದು ರಬಕವಿ, ಬಸದಿಯ ಹಿಂದಿನ ಓಣಿ. ಅತ್ತೆ ಹೊರಗಿನದು ಏನನ್ನೂ ಮುಟ್ಟುವವರಲ್ಲ. ನೀರು ಸೋಸಿದ್ದೇ ಆಗಬೇಕು, ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ಖಾನಾವಳಿಯ ರೊಟ್ಟಿ ತರಿಸೋಣವೇ ಎಂದರೆ ಕಿವಿ ಮುಚ್ಚಿಕೊಂಡರು. ನಿಂತು ಬಡಿದದ್ದು ರೊಟ್ಟಿಯೇ ಅಲ್ಲ ಎಂಬುದು ಅವರ ಸಿದ್ಧಾಂತವಾದ್ದರಿಂದ ನಮ್ಮ ರೊಟ್ಟಿಯ ಒಲೆ ಈಗಲೂ ನೆಲದ ಮೇಲೇ ಇದೆ. ಅವರ ಮೊಣಕಾಲಿಗೆ ಆ ನೆಲ ಎಟುಕುವುದಿಲ್ಲ. ಹೀಗಾಗಿ ಮನೆಯಲ್ಲಿ ಗಟ್ಟಿಮುಟ್ಟಾಗಿ ಉಳಿದವು ನಮ್ಮ ಯಜಮಾನರ ಕೈಗಳು ಮಾತ್ರ. ಅವರ ಹೆಸರು ಬಾಹುಬಲಿ, ಗೊಬ್ಬರದ ಅಂಗಡಿ ಇದೆ. ಯೂರಿಯಾ ಚೀಲವನ್ನು ಒಂದೇ ಏಟಿಗೆ ಟ್ರ್ಯಾಕ್ಟರಿಗೆ ಎಸೆಯುವ ಆ ಬಾಹುಗಳು ಮನೆಯಲ್ಲಿ ನೀರಿನ ತಂಬಿಗೆ ಎತ್ತಿದ್ದನ್ನು ನಾನು ನೋಡಿರಲಿಲ್ಲ.

ಮಹೋಪಾಯ ಹೊಳೆದದ್ದು ನನಗೇ. ಬೆಳಿಗ್ಗೆ ಅತ್ತೆ ಬಸದಿಗೆ ಹೋದರೆ ಅಭಿಷೇಕ ಮುಗಿಸಿ, ಊರ ಸುದ್ದಿ ಮುಗಿಸಿ ಬರುವುದು ತಡ. ಅಷ್ಟರಲ್ಲಿ ಬಾಗಿಲಿಗೆ ಅಗಳಿ ಹಾಕಿ ಇವರ ಕೈಯಿಂದ ಎರಡು ಹೊತ್ತಿನ ರೊಟ್ಟಿ ಬಡಿಯಿಸಿಬಿಡುವುದು. ಇವರು ಒಂದೇ ಷರತ್ತು ಹಾಕಿದರು. "ಮಂದಿಗೆ ಗೊತ್ತಾಗಬಾರದು ನೋಡು. ಅಂಗಡಿ ಮುಂದ ರೈತರು ಯೂರಿಯಾ ಬಿಟ್ಟು ರೊಟ್ಟಿ ಕೇಳತಾರ." ಒಪ್ಪಿದೆ. ನಾನು ಕೊರಳಿಗೆ ಕೈ ತೂಗುಹಾಕಿಕೊಂಡು ಸ್ಟೂಲಿನ ಮೇಲೆ ಗುರುಪೀಠ ಅಲಂಕರಿಸಿದೆ, ಅವರು ಲುಂಗಿ ಮೇಲೆ ಕಟ್ಟಿ ಒಲೆಯ ಮುಂದೆ ಕೂತರು. ಮೊದಲ ದಿನದ ರೊಟ್ಟಿಯನ್ನು ಎಮ್ಮೆ ಮೂಸಿ ನೋಡಿ ಮುಖ ತಿರುಗಿಸಿತು. ಆದರೆ ಮನುಷ್ಯ ಹಟವಾದಿ. ಕುದಿನೀರು ಸುರಿದು, ಹಣೆಯ ಬೆವರು ಇಳಿಯುವವರೆಗೆ ಹಿಟ್ಟು ನಾದುತ್ತಿದ್ದರು. ವಾರ ಕಳೆಯುವುದರೊಳಗೆ ಅಗಲ ತಟ್ಟೆಯಂಥ ಪರಾತದಲ್ಲಿ ರೊಟ್ಟಿ ತಾನೇ ತಿರುಗತೊಡಗಿತು. ತೆಳ್ಳಗೆ, ದುಂಡಗೆ, ಹಂಚಿನ ಮೇಲೆ ಪೂರಿಯಂತೆ ಉಬ್ಬುತ್ತಿತ್ತು. ಖರೆ ಹೇಳುತ್ತೇನೆ, ಮದುವೆಯಾದ ಮೇಲೆ ನಾವಿಬ್ಬರೂ ಅಷ್ಟು ಹೊತ್ತು ಒಂದೇ ಕಡೆ ಕೂತು ಮಾತಾಡಿದ್ದು ಆ ದಿನಗಳಲ್ಲೇ. ಕೈ ಮುರಿದದ್ದು ಒಳ್ಳೆಯದೇ ಆಯಿತು ಎಂದು ಕೂಡ ಅನಿಸಿತು.

ಅತ್ತೆ ಯಾರು ಬಡಿದದ್ದೆಂದು ಕೇಳಲಿಲ್ಲ. ಮನೆಯಲ್ಲಿ ರೊಟ್ಟಿಯಾಗಿದೆ ಎಂದರೆ ಸೊಸೆ ಬಡಿದಿದ್ದಾಳೆ, ಅದರಲ್ಲಿ ಕೇಳುವುದೇನು? ಪ್ಲಾಸ್ಟರಿನಿಂದ ಇಣುಕುತ್ತಿದ್ದ ನನ್ನ ಬೆರಳುಗಳನ್ನು ನೋಡಿ, ಬೆರಳಿದ್ದರೆ ಸಾಕು, ಮನಸ್ಸಿರಬೇಕು ಎಂದರು. ಒಂದು ದಿನ ರೊಟ್ಟಿ ಮುರಿಯುತ್ತ, "ಈಗ ನೋಡು ನಿನ್ನ ರೊಟ್ಟಿ ಹದಕ್ಕ ಬಂತು. ಇದಕ್ಕ ಕೈ ಮುರೀಬೇಕಾತು," ಎಂದರು. ನಾನು ಈ ಮನೆಗೆ ಬಂದಂದಿನಿಂದ ಕಾದಿದ್ದ ಹೊಗಳಿಕೆ ಅದು. ನನ್ನ ಗಂಡ ತಲೆ ತಗ್ಗಿಸಿ ಪಲ್ಲೆ ಕಲಸುತ್ತ ಕೂತಿದ್ದರು, ಕಿವಿ ಮಾತ್ರ ಕೆಂಪಾಗಿತ್ತು.

ರೊಟ್ಟಿ ಬಡಿಯುವುದೇನು ಗುಟ್ಟಿನ ಕೆಲಸವೇ? ಅಗಳಿ ಹಾಕಿದರೆ ಬಾಗಿಲು ಮುಚ್ಚುತ್ತದೆ, ಸಪ್ಪಳ ಮುಚ್ಚುವುದಿಲ್ಲ. ನಮ್ಮ ಪಕ್ಕದ ಮನೆಗೂ ನಮಗೂ ಒಂದೇ ಗೋಡೆ. ಅಲ್ಲಿಯ ಸುಮನ ಕಾಕು ಗೋಡೆಗೆ ಕಿವಿಯಿಟ್ಟು, ಮುರಿದ ಕೈಯಲ್ಲಿ ಉಜ್ವಲಾ ರೊಟ್ಟಿ ಬಡಿಯುತ್ತಾಳೆ ಎಂದು ಓಣಿಗೆಲ್ಲ ಸಾರಿದರು. ಬಸದಿಯ ಕಟ್ಟೆಯ ಮೇಲೆ ನಾನು ಮಹಾಸತಿಯರ ಸಾಲಿಗೆ ಸೇರಿದೆ. ಜ್ವರ ಬಂದವಳು, ಸೊಂಟ ಹಿಡಿದವಳು, ತಲೆ ತಿರುಗಿದವಳು, ಎಲ್ಲರಿಗೂ ನನ್ನ ಕೈಯೇ ಉದಾಹರಣೆ. ಎದುರಿಗೆ ಸಿಕ್ಕ ಸೊಸೆಯಂದಿರು ನನ್ನನ್ನು ನೋಡಿ ನಗುವುದನ್ನು ಬಿಟ್ಟರು. ಹೊಟ್ಟೆಕಿಚ್ಚು ಎಂದುಕೊಂಡು ನಾನು ಇನ್ನಷ್ಟು ಬೀಗಿದೆ.

ಆಮೇಲೆ ಒಂದು ಮಧ್ಯಾಹ್ನ ಸುಮನ ಕಾಕುವಿನ ಸೊಸೆ ಧನಶ್ರೀ ಗೋಡೆ ಹಿಡಿದುಕೊಂಡು ಬಂದಳು. ಆಕೆಗೆ ಗರ್ಭಚೀಲ ತೆಗೆದು ಇನ್ನೂ ಹೆಚ್ಚು ದಿನವಾಗಿರಲಿಲ್ಲ. ನೆಲಕ್ಕೆ ಕೂರಬೇಡ, ಹೊಟ್ಟೆಗೆ ಬಲ ಹಾಕಬೇಡ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಕುರ್ಚಿ ಕೊಟ್ಟೆ, ಕೂರಲಿಲ್ಲ.

"ವೈನಿ, ನೀವು ಒಂದ ದಿನಾರ ಸುಮ್ನ ಮಲಕೋರಿ," ಎಂದಳು. "ನಿಮ್ಮ ಸಪ್ಪಳಾ ಕೇಳಿದ ಕೂಡ್ಲೆ ನಮ್ಮತ್ತಿ ನನ್ನ ಹಾಸಗಿ ಸುತ್ತತಾರ. ಕೈ ಮುರದಾಕಿ ಬಡ್ಯಾಕತ್ತಾಳ, ನಿನಗೇನ ಧಾಡಿ ಅಂತಾರ. ಹೊಲಿಗಿ ಇನ್ನಾ ಹಸಿ ಅದಾವ್ರಿ."

ಇಷ್ಟು ದಿನ ನಾನು ತೊಟ್ಟು ಮೆರೆದಿದ್ದ ಕೀರ್ತಿಯನ್ನು ಈ ಹುಡುಗಿ ಹೊಟ್ಟೆಯ ಮೇಲೆ ಹೊತ್ತಿದ್ದಳು. ಸಂಜೆ ಇವರಿಗೆ ಹೇಳಿದೆ, ಖರೆ ಹೇಳಿಬಿಡೋಣ ಎಂದು. ಇವರು, ಸಪ್ಪಳ ಕಡಿಮೆ ಮಾಡಿದರಾಯಿತು ಎಂದರು. ಮರುದಿನ ಪರಾತದ ಕೆಳಗೆ ಗೊಬ್ಬರದ ಖಾಲಿ ಚೀಲ ಮಡಚಿ ಹಾಸಿ ಮೆಲ್ಲಗೆ ಬಡಿದರು. ಹೊತ್ತೇರುವುದರೊಳಗೆ ಸುಮನ ಕಾಕುವಿನ ವರದಿ ಓಣಿ ಮುಟ್ಟಿತು: ಇವತ್ತು ಉಜ್ವಲಾಗೆ ನೋವು ಜಾಸ್ತಿ, ಪಾಪ, ಮೆಲ್ಲಗೆ ಬಡಿಯುತ್ತಿದ್ದಳು, ಆದರೂ ಬಿಡಲಿಲ್ಲ. ನನ್ನ ಪದವಿ ಇನ್ನೊಂದು ಮೆಟ್ಟಿಲು ಏರಿತು. ಧನಶ್ರೀಯ ಹಾಸಿಗೆ ಅವತ್ತೂ ಸುರುಳಿಯಾಯಿತು.

ಅದೇ ಸಂಜೆ ಅತ್ತೆ ನಾಲ್ಕಾರು ಹೆಂಗಸರನ್ನು ಪಡಸಾಲೆಯಲ್ಲಿ ಕೂಡಿಸಿಕೊಂಡು, ಬೆಳಗಿನ ರೊಟ್ಟಿಯನ್ನೆಲ್ಲ ಪ್ರಸಾದದಂತೆ ಹಂಚಿಬಿಟ್ಟರು. ಸುಮನ ಕಾಕು ಬಂದಿದ್ದರು. ಹಿಂದೆ ಧನಶ್ರೀ ಬಾಗಿಲಿಗೆ ಆತು ನಿಂತಿದ್ದಳು. ಇವರೂ ಅಂಗಡಿಯಿಂದ ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

"ಅತ್ತಿ, ಆ ರೊಟ್ಟಿ ನನ್ನವಲ್ಲರಿ. ನಿಮ್ಮ ಮಗಾ ಬಡಿದಿದ್ದು. ದಿನಾ ಅವರ ಬಡಿತಾರ."

ಎಲ್ಲರೂ ನಕ್ಕರು. ಅತ್ತೆಯಂತೂ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ನಾನು ಹಟಕ್ಕೆ ಬಿದ್ದು, ಇವರೇ ಈಗ ಬಡಿದು ತೋರಿಸಲಿ, ಹೇಗೂ ಅತ್ತೆಯ ಊಟಕ್ಕೆ ರೊಟ್ಟಿ ಉಳಿದಿಲ್ಲ ಎಂದೆ. ಇವರು ನನ್ನ ಮುಖ ನೋಡಿದರು. ಧನಶ್ರೀಯನ್ನೂ ನೋಡಿದರು. ಒಲೆಯ ಮುಂದೆ ಕೂತಾಗ ನನ್ನ ಜೀವ ಹಗುರಾಯಿತು.

ಅವರು ಹಿಟ್ಟಿಗೆ ತಣ್ಣೀರು ಸುರಿದರು. ನಾದಲಿಲ್ಲ. ಕಲಸಿದ ಹಾಗೆಯೇ ಉಂಡೆ ಕಟ್ಟಿ ಒಂದು ಏಟು ಹಾಕಿದರು, ರೊಟ್ಟಿ ನಾಲ್ಕು ಕಡೆ ಸೀಳಿತು. ಇನ್ನೊಂದು ಹಂಚಿಗೆ ಹಾಕುವಾಗಲೇ ಕೈಯಲ್ಲಿ ಮುರಿಯಿತು. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು, ಇವರೂ ಅವರ ಜೊತೆ ನಕ್ಕರು. ನನಗೆ ಸಿಟ್ಟು ಬರಲಿಲ್ಲ, ಅಳು ಬಂತು. ಅದನ್ನು ನೋಡಿ ಒಬ್ಬರು, ಎಂಥ ಹೆಣ್ಣು ನೋಡಿ, ತಾನು ಪಟ್ಟ ಕಷ್ಟದ ಪುಣ್ಯವನ್ನೂ ಗಂಡನ ಹೆಸರಿಗೇ ಹಚ್ಚುತ್ತಾಳೆ ಎಂದು ನನ್ನ ನೆತ್ತಿ ಸವರಿ ನೆಟಿಕೆ ಮುರಿದರು.

ಕಿಟಕಿಯ ಇಳಿಬಿಸಿಲು ಗೋಡೆಯ ಮೇಲೆ ತೀರ ಮೇಲಕ್ಕೇರಿತ್ತು. ಇನ್ನು ತಡವಾದರೆ ಅತ್ತೆ ಬೆಳಗಿನವರೆಗೆ ಉಪವಾಸ. ಎಲ್ಲರ ಕಣ್ಣೂ ನನ್ನ ಪ್ಲಾಸ್ಟರಿನ ಮೇಲೆ ಬಿದ್ದವು. ನಾನು ಏಳಬೇಕೆನ್ನುವಷ್ಟರಲ್ಲಿ ಧನಶ್ರೀ ಬಂದು, ಒಂದು ಕೈ ಹೊಟ್ಟೆಗೆ ಒತ್ತಿ ಹಿಡಿದು, ತುಟಿ ಕಚ್ಚಿ ನೆಲಕ್ಕೆ ಕೂತಳು. "ಸರೀರಿ ಅಣ್ಣಾ," ಎಂದಳು. ಇವರು ಸರಿದರು. ಆಕೆ ಎಸರಿಟ್ಟು, ಹೊಸ ಹಿಟ್ಟು ನಾದಿ, ಬಡಿಯತೊಡಗಿದಳು. ಪ್ರತಿ ಏಟಿಗೂ ಆಕೆಯ ಹುಬ್ಬು ಗಂಟಾಗುತ್ತಿತ್ತು.

ಸುಮನ ಕಾಕು ಪ್ರೀತಿಯಿಂದ ನನ್ನ ಭುಜದ ಮೇಲೆ ಕೈಯಿಟ್ಟರು.

"ಎಲ್ಲಾ ನಿನ್ನ ನೋಡೇ ಕಲತಾಳ ನೋಡವಾ."